ಆಸ್ಪತ್ರೆ ಸಿಬ್ಬಂದಿಗೆ ಆರೋಗ್ಯ ತಪಾಸಣೆ: ಚುಚ್ಚುವ ದಿನಕ್ಕಿಂತ ಓದುವ ದಿನ ಮುಖ್ಯ

ರೋಗಿಯ ವರದಿ ತಡವಾದರೆ ಲ್ಯಾಬಿಗೆ ಮೂರು ಸಲ ಫೋನ್ ಮಾಡುವ ನರ್ಸ್, ತಮ್ಮದೇ ಕೈಗೆ ಹಾಕಿದ ಕ್ಷಯದ ಚರ್ಮ ಪರೀಕ್ಷೆ ತೋರಿಸಲು ಮೂರನೆಯ ದಿನ ಬರುವುದಿಲ್ಲ. ಅಸಡ್ಡೆಯಿಂದಲ್ಲ, ಅವತ್ತು ಅವರಿಗೆ ರಾತ್ರಿ ಪಾಳಿ ಮುಗಿದ ಮೇಲಿನ ರಜೆ. ಸಿಬ್ಬಂದಿ ತಪಾಸಣೆ ಹೆಚ್ಚಾಗಿ ಕೆಡುವುದು ಇಲ್ಲೇ. ರಕ್ತ ತೆಗೆಯುವ ದಿನ ಬ್ಯಾನರ್, ಸಾಲು, ಫೋಟೊ ಎಲ್ಲ ಇರುತ್ತದೆ. ಫಲಿತಾಂಶ ಓದುವ ದಿನ ಯಾರೂ ಇರುವುದಿಲ್ಲ. ಮರಳಿ ಬರಬೇಕಾದ ತಾರೀಖನ್ನು ಡ್ಯೂಟಿ ಪಟ್ಟಿಯಲ್ಲಿ ಬರೆಸಿದ ನಂತರವೇ ಉಳಿದ ಕೆಲಸಕ್ಕೆ ಕೈಹಾಕಿ.

1. ಪಟ್ಟಿ

ಸಂಬಳದ ಪಟ್ಟಿಯನ್ನು ನಕಲು ಮಾಡಬೇಡಿ. ಗುತ್ತಿಗೆಯ ಸ್ವಚ್ಛತಾ ಸಿಬ್ಬಂದಿ, ಬಟ್ಟೆ ಒಗೆಯುವವರು, ಆಂಬುಲೆನ್ಸ್ ಚಾಲಕರು, ತರಬೇತಿಯ ವಿದ್ಯಾರ್ಥಿಗಳು ಅದರಲ್ಲಿ ಇರುವುದೇ ಇಲ್ಲ. ಕಸದ ಚೀಲಕ್ಕೆ ತಪ್ಪಿ ಬಿದ್ದ ಸೂಜಿ ಚುಚ್ಚುವುದು ಆ ಚೀಲದ ಬಾಯಿ ಕಟ್ಟುವವರಿಗೆ.

ಮಾದರಿಯ ಮೇಲೆ ಹೆಸರಿನ ಬದಲು ಸಂಕೇತ ಸಂಖ್ಯೆ ಹಾಕಿ. ಲ್ಯಾಬಿನಲ್ಲಿ ಕೂತಿರುವವರು ಸಹೋದ್ಯೋಗಿಗಳೇ ಆದ್ದರಿಂದ, ಹೆಸರಿದ್ದರೆ ಹಲವರು ಮಾದರಿಯನ್ನೇ ಕೊಡುವುದಿಲ್ಲ. ವರದಿ ಸೇರಬೇಕಾದದ್ದು ಇಬ್ಬರಿಗೆ: ಆ ವ್ಯಕ್ತಿಗೆ ಮತ್ತು ಸಿಬ್ಬಂದಿ ಆರೋಗ್ಯ ನೋಡಿಕೊಳ್ಳುವ ವೈದ್ಯರಿಗೆ. ಆಡಳಿತಕ್ಕೆ ‘ಕೆಲಸಕ್ಕೆ ಅರ್ಹ’ ಎಂಬ ಒಂದು ಸಾಲು ಸಾಕು.

2. ಕ್ಷಯ: ಎಲ್ಲರೂ ಎಡವುವ ಜಾಗ

ಚರ್ಮ ಪರೀಕ್ಷೆಗೆ ಸೋಮವಾರ ಅಥವಾ ಮಂಗಳವಾರ ಹಿಡಿಯಿರಿ. ಓದುವುದು 48ರಿಂದ 72 ಗಂಟೆಯೊಳಗೆ ಆಗಬೇಕು. ಗುರುವಾರ ಚುಚ್ಚಿದರೆ ಓದುವ ಹೊತ್ತು ಶನಿವಾರ, ಭಾನುವಾರಕ್ಕೆ ಬೀಳುತ್ತದೆ, ಅರ್ಧ ಜನ ತಪ್ಪಿಸಿಕೊಳ್ಳುತ್ತಾರೆ.

ಮುಂಗೈಯ ಒಳಬದಿಗೆ 0.1 ಮಿ.ಲೀ. ಟ್ಯುಬರ್ಕ್ಯುಲಿನ್, ಅಂದರೆ ಈ ಪರೀಕ್ಷೆಯ ಮದ್ದು. ಸೂಜಿಯ ಬಾಯಿ ಮೇಲ್ಮುಖವಾಗಿರಲಿ, ಚರ್ಮಕ್ಕೆ ಬಹುತೇಕ ಸಮಾನಾಂತರವಾಗಿ ಪದರದೊಳಗೇ ಹೋಗಲಿ. ಸರಿಯಾಗಿ ಬಿದ್ದರೆ 6ರಿಂದ 10 ಮಿ.ಮೀ. ಅಗಲದ ಬೆಳ್ಳನೆಯ ಬೊಬ್ಬೆ ಏಳುತ್ತದೆ. ಬೊಬ್ಬೆ ಏಳಲಿಲ್ಲವೆಂದರೆ ಮದ್ದು ಚರ್ಮದ ಕೆಳಗೆ ಇಳಿದಿದೆ ಎಂದರ್ಥ. ‘ಪರವಾಗಿಲ್ಲ’ ಎಂದು ಕಳಿಸಬೇಡಿ, 5 ಸೆಂ.ಮೀ. ದೂರದಲ್ಲಿ ಆಗಲೇ ಇನ್ನೊಮ್ಮೆ ಹಾಕಿ. ಉಜ್ಜಬಾರದು, ಪಟ್ಟಿ ಅಂಟಿಸಬಾರದು.

ಬೆಳಗ್ಗೆಯೇ ನಲವತ್ತು ಸಿರಿಂಜ್ ತುಂಬಿಟ್ಟುಕೊಳ್ಳುವ ಅಡ್ಡದಾರಿ ಬೇಡವೇ ಬೇಡ. ಟ್ಯುಬರ್ಕ್ಯುಲಿನ್ ಸಿರಿಂಜಿನ ಒಳಗೋಡೆಗೆ ಅಂಟಿಕೊಂಡು ಸತ್ವ ಕಳೆದುಕೊಳ್ಳುತ್ತದೆ. ಬೆಳಕೂ ಅದಕ್ಕೆ ಆಗದು. ತೆರೆದ ಬಾಟಲಿಯ ಮೇಲೆ ತಾರೀಖು ಬರೆದು, 30 ದಿನ ದಾಟಿದರೆ ಎಸೆಯಿರಿ.

ಇನ್ನು ಓದುವುದು. ಕೆಂಪಗಾದದ್ದನ್ನು ಅಳೆಯುವುದು ಅತಿ ಸಾಮಾನ್ಯ ತಪ್ಪು. ಕೆಂಪು ಲೆಕ್ಕಕ್ಕಿಲ್ಲ, ಗಟ್ಟಿಯಾದದ್ದು ಮಾತ್ರ ಲೆಕ್ಕ. ಮೊಣಕೈ ತುಸು ಮಡಚಿಸಿ, ಬೆಳಕು ಪಕ್ಕದಿಂದ ಬೀಳುವಂತೆ ಕೂರಿಸಿ, ಬೆರಳ ತುದಿಯಿಂದ ಅಂಚನ್ನು ತಡವಿ ನೋಡಿ. ಅಂಚು ಸಿಗದಿದ್ದರೆ ಬಾಲ್‌ಪೆನ್ನನ್ನು ಹೊರಗಿನಿಂದ ನಡುವಿನ ಕಡೆಗೆ ಮೆಲ್ಲಗೆ ತಳ್ಳುತ್ತ ಬನ್ನಿ. ಗಟ್ಟಿ ಏರಿಗೆ ತಾಗಿ ಪೆನ್ನು ತಡೆದು ನಿಂತಲ್ಲಿ ಗೆರೆ ಬೀಳುತ್ತದೆ. ಎದುರು ಬದಿಯಿಂದಲೂ ಹಾಗೇ ಮಾಡಿ. ಎರಡು ಗೆರೆಗಳ ನಡುವಿನ ಅಂತರವನ್ನು ಮುಂಗೈಯ ಉದ್ದಕ್ಕಲ್ಲ, ಅಡ್ಡಕ್ಕೆ ಅಳೆಯಿರಿ. ಗಟ್ಟಿ ಏನೂ ಇಲ್ಲದಿದ್ದರೆ ‘ನೆಗೆಟಿವ್’ ಎಂದು ಬರೆಯದೆ ‘0 ಮಿ.ಮೀ.’ ಎಂದೇ ಬರೆಯಿರಿ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಸಾಮಾನ್ಯವಾಗಿ 10 ಮಿ.ಮೀ. ಅಥವಾ ಹೆಚ್ಚಿದ್ದರೆ ಪಾಸಿಟಿವ್. ಎಚ್‌ಐವಿ ಇದ್ದವರಿಗೆ 5 ಮಿ.ಮೀ. ಇದ್ದರೂ ಪಾಸಿಟಿವ್.

ಅವರವರೇ ನೋಡಿಕೊಂಡು ಫೋನಿನಲ್ಲಿ ‘ಏನೂ ಆಗಿಲ್ಲ’ ಎನ್ನುವುದನ್ನು ಒಪ್ಪಿದರೆ ಇಷ್ಟೆಲ್ಲ ಮಾಡಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. 72 ಗಂಟೆ ದಾಟಿ ಬಂದವರಿಗೆ ಹೊಸದಾಗಿ ಹಾಕಬೇಕು.

ಹೊಸಬರಿಗೆ ಒಂದೇ ಸುತ್ತು ಸಾಲದು. ಮೊದಲನೆಯದು ನೆಗೆಟಿವ್ ಬಂದರೆ 1ರಿಂದ 3 ವಾರದಲ್ಲಿ ಎರಡನೆಯದನ್ನು ಹಾಕಿ. ಎಂದೋ ತಗುಲಿದ ಸೋಂಕಿನ ನೆನಪು ದೇಹದಲ್ಲಿ ಮಂಕಾಗಿರುತ್ತದೆ. ಮೊದಲ ಚುಚ್ಚು ಅದನ್ನು ಎಬ್ಬಿಸುತ್ತದೆ, ಎರಡನೆಯದರಲ್ಲಿ ಅದು ಕಾಣಿಸುತ್ತದೆ. ಇದನ್ನು ಬಿಟ್ಟರೆ ಆ ಹಳೆಯ ಸೋಂಕು ಮುಂದಿನ ಪರೀಕ್ಷೆಯಲ್ಲಿ ಹೊಸದರಂತೆ ತೋರಿ, ಯಾವ ವಾರ್ಡಿನಲ್ಲಿ ತಗುಲಿತು ಎಂದು ಇಲ್ಲದ ಕಳ್ಳನನ್ನು ಹುಡುಕುವಂತಾಗುತ್ತದೆ. ದಡಾರದಂಥ ಜೀವಂತ ಲಸಿಕೆ ಕೊಡುವುದಿದ್ದರೆ ಚರ್ಮ ಪರೀಕ್ಷೆ ಹಾಕುವ ದಿನವೇ ಕೊಡಿ. ಮೊದಲೇ ಕೊಟ್ಟಾಗಿದ್ದರೆ ಕನಿಷ್ಠ 4 ವಾರ ಕಾಯಿರಿ, ಇಲ್ಲವಾದರೆ ಪರೀಕ್ಷೆ ಸುಳ್ಳು ನೆಗೆಟಿವ್ ಹೇಳಬಹುದು.

ಕ್ಷಯದ ಲಸಿಕೆ ಬಿಸಿಜಿ ಹಾಕಿಸಿಕೊಂಡವರಲ್ಲಿ ಚರ್ಮ ಪರೀಕ್ಷೆ ಸುಳ್ಳು ಪಾಸಿಟಿವ್ ಬರುವುದುಂಟು. ಇಗ್ರಾ ರಕ್ತ ಪರೀಕ್ಷೆಗೆ ಆ ತೊಡಕಿಲ್ಲ, ಒಂದೇ ಭೇಟಿಯಲ್ಲಿ ಮುಗಿಯುತ್ತದೆ. ಕೈಗೆಟಕುವಂತಿದ್ದರೆ ಅದನ್ನೇ ಆರಿಸಿಕೊಳ್ಳಿ. ಆದರೆ ನಳಿಕೆಯಲ್ಲಿನ ಗೆರೆಯವರೆಗೆ ರಕ್ತ ತುಂಬಬೇಕು, ಒಳಗೋಡೆಗೆಲ್ಲ ತಾಗುವಂತೆ ಅಲ್ಲಾಡಿಸಬೇಕು, ಹೇಳಿದ ಹೊತ್ತಿನೊಳಗೆ ಇನ್‌ಕ್ಯುಬೇಟರಿಗೆ ಸೇರಿಸಬೇಕು.

ಯಾವ ಪರೀಕ್ಷೆಯೇ ಆಗಲಿ, ಪಾಸಿಟಿವ್ ಬಂದ ಮಾತ್ರಕ್ಕೆ ಕಾಯಿಲೆ ಇದೆ ಎಂದಲ್ಲ. ಎದೆಯ ಎಕ್ಸ್‌ರೇ ತೆಗೆಸಿ. ಎರಡು ವಾರ ಮೀರಿದ ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಇದೆಯೇ ಎಂದು ಕೇಳಿ. ಎಲ್ಲವೂ ಸರಿಯಿದ್ದರೆ ತಡೆ ಚಿಕಿತ್ಸೆಯ ಮಾತು ಬರುತ್ತದೆ. ಒಮ್ಮೆ ಪಾಸಿಟಿವ್ ಎಂದು ಖಚಿತವಾದವರಿಗೆ ಮತ್ತೆ ಚರ್ಮ ಪರೀಕ್ಷೆ ಹಾಕಬೇಡಿ.

3. ಹೆಪಟೈಟಿಸ್ ಬಿ

‘ಮೂರು ಡೋಸ್ ಆಗಿದೆ’ ಎಂಬುದು ಉತ್ತರವಲ್ಲ. 0, 1, 6 ತಿಂಗಳ ಡೋಸ್ ಮುಗಿದು 1ರಿಂದ 2 ತಿಂಗಳಿಗೆ ಆ್ಯಂಟಿ ಎಚ್‌ಬಿಎಸ್ ಟೈಟರ್, ಅಂದರೆ ರಕ್ತದಲ್ಲಿನ ರಕ್ಷಕ ಪ್ರತಿಕಾಯದ ಪ್ರಮಾಣ, ನೋಡಬೇಕು. 10 mIU/mL ಅಥವಾ ಹೆಚ್ಚಿದ್ದರೆ ರಕ್ಷಣೆ ಇದೆ, ಮತ್ತೆ ಮತ್ತೆ ನೋಡುವ ಅಗತ್ಯವಿಲ್ಲ. ಕಡಿಮೆಯಿದ್ದರೆ ಎರಡನೆಯ ಸುತ್ತಿನ ಲಸಿಕೆ, ಮತ್ತೆ ಟೈಟರ್. ಆಗಲೂ ಏರದಿದ್ದರೆ ಸೋಂಕು ಮೊದಲೇ ಇದೆಯೇ ಎಂದು ಎಚ್‌ಬಿಎಸ್ ಆ್ಯಂಟಿಜೆನ್ ಮತ್ತು ಆ್ಯಂಟಿ ಎಚ್‌ಬಿಸಿ ಎಂಬ ರಕ್ತ ಪರೀಕ್ಷೆಗಳನ್ನು ಮಾಡಿಸಿ.

ಲಸಿಕೆಯಾಗಿ ಹತ್ತು ವರ್ಷದ ಮೇಲೆ ಮೊದಲ ಬಾರಿ ಟೈಟರ್ ನೋಡಿ 4 ಬಂದರೆ ಗಾಬರಿ ಬೇಡ. ಸಂಖ್ಯೆ ಕಾಲಕ್ರಮೇಣ ಇಳಿಯುತ್ತದೆ. ಒಂದು ಡೋಸ್ ಕೊಟ್ಟು 1ರಿಂದ 2 ತಿಂಗಳಿಗೆ ಮತ್ತೆ ನೋಡಿ. ದೇಹಕ್ಕೆ ನೆನಪಿದ್ದರೆ ಸಂಖ್ಯೆ ಏರುತ್ತದೆ. ಗೆರೆ ಮೂಡುವ ಕಾರ್ಡ್ ಕಿಟ್‌ಗಳನ್ನು ಈ ಕೆಲಸಕ್ಕೆ ಕೊಳ್ಳಬೇಡಿ. ನಮಗೆ ಬೇಕಾದದ್ದು ಸಂಖ್ಯೆ.

4. ಬಿಪಿ ಮತ್ತು ಸಕ್ಕರೆ

ವಾರ್ಡಿನಿಂದ ಓಡಿ ಬಂದವರನ್ನು ನಿಲ್ಲಿಸಿ ಬಿಪಿ ನೋಡುವುದು ವ್ಯರ್ಥ. 5 ನಿಮಿಷ ಕೂರಿಸಿ, ಬೆನ್ನಿಗೆ ಒರಗು, ಪಾದ ನೆಲಕ್ಕೆ, ಕಫ್ ಹೃದಯದ ಮಟ್ಟಕ್ಕೆ. ಮಾತು ಬೇಡ. ಹಿಂದಿನ 30 ನಿಮಿಷ ಕಾಫಿ ಕುಡಿದಿರಬಾರದು. ದಪ್ಪ ತೋಳಿಗೆ ಸಣ್ಣ ಕಫ್ ಸುತ್ತಿದರೆ ಇಲ್ಲದ ಬಿಪಿ ಬರುತ್ತದೆ. ಎರಡು ಅಳತೆಗಳ ಸರಾಸರಿ ಬರೆಯಿರಿ. ಮಣಿಕಟ್ಟಿನ ಯಂತ್ರ ಬೇಡ.

ರಾತ್ರಿ ಪಾಳಿಯವರು ಬೆಳಗ್ಗೆ 7ಕ್ಕೆ ‘ಖಾಲಿ ಹೊಟ್ಟೆ’ ಎನ್ನುತ್ತಾರೆ, 3 ಗಂಟೆಗೆ ತಿಂದ ಬಿಸ್ಕತ್ತು ಮರೆತಿರುತ್ತದೆ. ಬೇಕಾದದ್ದು 8 ಗಂಟೆಯ ಉಪವಾಸ. ಅವರಿಗೆ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ಅನುಕೂಲ: ಶೇಕಡ 5.7ರಿಂದ 6.4 ಎಚ್ಚರಿಕೆಯ ಗಡಿ, 6.5 ಅಥವಾ ಹೆಚ್ಚಿದ್ದರೆ ಮತ್ತೊಮ್ಮೆ ಮಾಡಿಸಿ ಖಚಿತಪಡಿಸಿಕೊಳ್ಳಿ. ರಕ್ತಹೀನತೆ ಇದ್ದರೆ ಈ ಸಂಖ್ಯೆ ದಾರಿ ತಪ್ಪಿಸುತ್ತದೆ, ಹಿಮೋಗ್ಲೋಬಿನ್ ಜೊತೆಗೇ ನೋಡಿ.

5. ಗರ್ಭಕಂಠ

30 ದಾಟಿದ ಮಹಿಳೆಯರಿಗೆ, ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ವೈರಸ್ ಹುಡುಕುವ ಎಚ್‌ಪಿವಿ ಪರೀಕ್ಷೆ, ಸರಿಯಿದ್ದರೆ 5ರಿಂದ 10 ವರ್ಷಕ್ಕೊಮ್ಮೆ. ದಿನಾ ಜೊತೆಯಲ್ಲಿ ಕೆಲಸ ಮಾಡುವ ವೈದ್ಯರ ಮುಂದೆ ಮಲಗಲು ಸಂಕೋಚವಾಗುವುದು ಸಹಜ. ಮಾದರಿಯನ್ನು ತಾವೇ ತೆಗೆದುಕೊಳ್ಳುವ ಕಿಟ್ ಕೊಡಿ.

ತಪಾಸಣೆ ಪ್ಯಾಕೇಜ್ ಮಾರುವವರು ಸೇರಿಸುವ, ರಕ್ತದಲ್ಲಿ ಕ್ಯಾನ್ಸರಿನ ಸುಳಿವು ಹುಡುಕುವ ಟ್ಯೂಮರ್ ಮಾರ್ಕರ್‌ಗಳನ್ನು ಪಟ್ಟಿಯಿಂದ ಹೊಡೆದುಹಾಕಿ. ಲಕ್ಷಣವಿಲ್ಲದವರಲ್ಲಿ ಅವು ಸುಳ್ಳು ಭಯ ಹುಟ್ಟಿಸುವುದೇ ಹೆಚ್ಚು.

6. ಕಾರ್ಡ್

ಟೈಟರ್ ಸಂಖ್ಯೆ, ಅದನ್ನು ನೋಡಿದ ತಾರೀಖು, ಎಷ್ಟು ಸುತ್ತಿನ ಲಸಿಕೆ, ಇಷ್ಟನ್ನು ಅಂಗೈಯಗಲದ ಕಾರ್ಡಿನಲ್ಲಿ ಬರೆದು ಅವರ ಗುರುತಿನ ಚೀಟಿಯ ಹಿಂದೆ ಸೇರಿಸಿ. ನಡುರಾತ್ರಿ 2ಕ್ಕೆ ಸೂಜಿ ಚುಚ್ಚಿಸಿಕೊಂಡು ಬಂದಾಗ ತುರ್ತು ವಿಭಾಗದ ವೈದ್ಯರಿಗೆ ಬೀಗ ಹಾಕಿದ ಕಚೇರಿಯ ಕಡತ ಸಿಗುವುದಿಲ್ಲ. ಲಸಿಕೆ ಹತ್ತದವರಿಗೆ, ರೋಗಿಗೆ ಹೆಪಟೈಟಿಸ್ ಬಿ ಇದ್ದ ಪಕ್ಷದಲ್ಲಿ, ಸಿದ್ಧ ಪ್ರತಿಕಾಯದ ಚುಚ್ಚುಮದ್ದು ಇಮ್ಯುನೋಗ್ಲೋಬುಲಿನ್ ಆದಷ್ಟೂ 24 ಗಂಟೆಯೊಳಗೆ ಬೀಳಬೇಕು. ಅದು ಯಾವ ಫ್ರಿಜ್‌ನಲ್ಲಿದೆ, ಕೀಲಿ ಯಾರ ಬಳಿ ಇದೆ ಎಂಬುದನ್ನೂ ಅದೇ ಕಾರ್ಡಿನ ಹಿಂಬದಿಯಲ್ಲಿ ಬರೆಯಿರಿ.