ಇನ್‌ಸ್ಟಂಟ್ ಗೀಸರನ್ನು ಬಚ್ಚಲಿನಿಂದ ಅಡುಗೆಮನೆಗೆ ಕಳುಹಿಸಿದ್ದು

ತುಮಕೂರಿನಲ್ಲಿ ಮನೆ ಕಟ್ಟಿಸಿದಾಗ ಅಂಗಡಿಯವರು ‘ಇನ್‌ಸ್ಟಂಟ್ ತೆಗೆದುಕೊಳ್ಳಿ, ಕರೆಂಟ್ ಉಳಿಯುತ್ತದೆ’ ಎಂದರು. ನಾನೂ ಲೆಕ್ಕ ಹಾಕದೆ ನೀರು ಹರಿಯುವಾಗಲೇ ಕಾಯಿಸಿಕೊಡುವ, 3 ಲೀಟರಿನ, 3 ಕಿಲೋವ್ಯಾಟ್‌ನ ಅಂಥ ಗೀಸರೊಂದನ್ನು ಬಚ್ಚಲುಮನೆಗೆ ಹಾಕಿಸಿದೆ. ಅದು ಏಪ್ರಿಲ್ ತಿಂಗಳಾದ್ದರಿಂದ ತಪ್ಪು ತಿಳಿಯಲಿಲ್ಲ. ಡಿಸೆಂಬರಿನಲ್ಲಿ ನಲ್ಲಿಯನ್ನು ಪೂರ್ತಿ ತಿರುಗಿಸಿದರೆ ಬರೀ ಉಗುರುಬೆಚ್ಚಗಿನ ನೀರು ಬರತೊಡಗಿತು.

ಆಗ ಥರ್ಮಾಮೀಟರ್ ಹಿಡಿದು ಕುಳಿತೆ. ಮಾಳಿಗೆಯ ಟ್ಯಾಂಕಿನಿಂದ ಬೆಳಗಿನ ಹೊತ್ತು ಇಳಿಯುವ ನೀರು 21 ಡಿಗ್ರಿ ಇತ್ತು. ಸ್ನಾನಕ್ಕೆ 40 ಡಿಗ್ರಿಯಾದರೂ ಬೇಕು. 3 ಕಿಲೋವ್ಯಾಟ್ ಶಕ್ತಿಯಿಂದ ನೀರನ್ನು 19 ಡಿಗ್ರಿ ಏರಿಸಬೇಕಾದರೆ ನಿಮಿಷಕ್ಕೆ ಎರಡೂಕಾಲು ಲೀಟರಿಗಿಂತ ಹೆಚ್ಚು ಹರಿಸುವಂತಿಲ್ಲ, ಅಂದರೆ 20 ಲೀಟರಿನ ಬಕೆಟ್ ತುಂಬಲು ಸುಮಾರು ಒಂಬತ್ತು ನಿಮಿಷ ಕಾಯಬೇಕು. ದೋಷ ಗೀಸರಿನದಲ್ಲ, ನನ್ನ ಆಯ್ಕೆಯದು.

ಕರೆಂಟ್ ಉಳಿತಾಯದ ಮಾತೂ ಅರ್ಧ ಸತ್ಯವೇ ಆಗಿತ್ತು. ಅದೇ ನೀರನ್ನು ಅಷ್ಟೇ ಬಿಸಿ ಮಾಡಲು ಇನ್‌ಸ್ಟಂಟ್ ಗೀಸರಿಗೂ, ನೀರನ್ನು ಮೊದಲೇ ಕಾಯಿಸಿ ಟ್ಯಾಂಕಿನಲ್ಲಿ ಇಟ್ಟುಕೊಳ್ಳುವ ಸ್ಟೋರೇಜ್ ಗೀಸರಿಗೂ ಹೆಚ್ಚುಕಡಿಮೆ ಒಂದೇ ವಿದ್ಯುತ್ ಬೇಕು. ಸ್ಟೋರೇಜ್ ಗೀಸರಿನಲ್ಲಿ ನಷ್ಟವಾಗುವುದು ಕಾದ ನೀರು ಬಳಕೆಯಾಗದೆ ನಿಂತಲ್ಲೇ ಆರಿದಾಗ. ನಮ್ಮ ಮನೆಯಲ್ಲಿ ಮೂವರೂ ಒಬ್ಬರ ಹಿಂದೊಬ್ಬರು ಬೆಳಿಗ್ಗೆಯೇ ಸ್ನಾನ ಮುಗಿಸಿ ಸ್ವಿಚ್ ಆರಿಸುವುದರಿಂದ ಆ ನಷ್ಟ ಲೆಕ್ಕಕ್ಕೆ ಬರುವಷ್ಟಿಲ್ಲ. ಆದ್ದರಿಂದ 25 ಲೀಟರಿನ, 2 ಕಿಲೋವ್ಯಾಟ್‌ನ ಸ್ಟೋರೇಜ್ ಗೀಸರ್ ತಂದೆ. ನೀರು 60 ಡಿಗ್ರಿಗೇರಲು ಅರ್ಧ ಗಂಟೆಗೆ ತುಸು ಹೆಚ್ಚು ಹಿಡಿಯುತ್ತದೆ. ತಣ್ಣೀರು ಬೆರೆಸಿದರೆ ಎರಡೂವರೆ ಬಕೆಟ್ ಆಗುತ್ತದೆ, ಉಳಿದರ್ಧ ಬಕೆಟಿನಷ್ಟು ನೀರು ಮೊದಲಿನವರು ಸ್ನಾನ ಮಾಡುವಷ್ಟರಲ್ಲಿ ಕಾಯುತ್ತದೆ. ನೀರು ಕಾದ ಮೇಲೆ ಕರೆಂಟ್ ಹೋದರೂ ಇಬ್ಬರ ಸ್ನಾನಕ್ಕೆ ತೊಂದರೆಯಿಲ್ಲ. ಗ್ಯಾಸ್ ಗೀಸರಿನ ಸಲಹೆಯೂ ಬಂದಿತ್ತು, ಆದರೆ ಒಂದೇ ಸಣ್ಣ ಕಿಟಕಿಯ ಬಚ್ಚಲಿನಲ್ಲಿ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುವ ಅಪಾಯವನ್ನು ನಾನು ಒಪ್ಪಲಾರೆ.

ಸ್ಟೋರೇಜ್ ಗೀಸರಿಗೆ ಆರೈಕೆ ಬೇಕು, ಅದರಲ್ಲೂ ನಮ್ಮ ಕೊಳವೆಬಾವಿಯ ಗಡಸು ನೀರಿಗೆ. ಎರಡು ವರ್ಷಕ್ಕೆ ಬಿಚ್ಚಿಸಿದಾಗ ಕಾಯಿಲಿನ ಮೇಲೆ ಸುಣ್ಣದ ಬಿಳಿ ಪದರ ದಪ್ಪಗೆ ಕಟ್ಟಿತ್ತು. ಒಳಗಿನ ಮೆಗ್ನೀಸಿಯಂ ಸರಳು ಕೊರೆದುಹೋಗಿ ಬಹುಪಾಲು ಸವೆದಿತ್ತು. ಟ್ಯಾಂಕಿನ ಉಕ್ಕಿನ ಬದಲು ತಾನು ಸವೆಯುವುದೇ ಆ ಸರಳಿನ ಕೆಲಸ, ಹಾಗಾಗಿ ಅದು ಮುಗಿಯುವ ಮೊದಲೇ ಬದಲಿಸಬೇಕು. ನೀರು ಹೆಚ್ಚು ಕಾದಷ್ಟೂ ಸುಣ್ಣ ಬೇಗ ಕಟ್ಟುವುದರಿಂದ ಥರ್ಮೋಸ್ಟಾಟನ್ನು 60 ದಾಟಿಸುವುದಿಲ್ಲ. ಪ್ಲಂಬರ್ ಒಬ್ಬರು ಸುರಕ್ಷತಾ ವಾಲ್ವಿನಿಂದ ಹನಿ ಬೀಳುತ್ತಿದೆಯೆಂದು ಅದನ್ನು ಮುಚ್ಚಲು ಹೊರಟಿದ್ದರು. ಕಾಯುವ ನೀರು ಹಿಗ್ಗಿದಾಗ ಏರುವ ಒತ್ತಡಕ್ಕೆ ಅದೊಂದೇ ದಾರಿಯಾದ್ದರಿಂದ ನಾನು ತಡೆದೆ.

ಹಳೆಯ ಇನ್‌ಸ್ಟಂಟ್ ಗೀಸರ್ ಈಗ ಅಡುಗೆಮನೆಯ ಸಿಂಕಿನ ಮೇಲಿದೆ. ಜಿಡ್ಡಿನ ಪಾತ್ರೆ ತೊಳೆಯಲು ಬೇಕಾದ ಸಣ್ಣ ಧಾರೆಗೆ ಅದು ಹೇಳಿ ಮಾಡಿಸಿದಂತಿದೆ. ಮನೆಗೆ ಮಂಜೂರಾಗಿರುವ ಲೋಡ್ 3 ಕಿಲೋವ್ಯಾಟ್ ಮಾತ್ರವಾದ್ದರಿಂದ, ಬಚ್ಚಲಿನ ಸ್ವಿಚ್ ಆರಿಸಿದ ಮೇಲೆಯೇ ಅದನ್ನು ಹಾಕುತ್ತೇವೆ.