ಬಿಸಿಲಿನ ಊರಿನಲ್ಲಿ ಕೈಗೆಟುಕುವ ವೈನ್

ಚಿತ್ರದುರ್ಗದಲ್ಲಿ ಹೊಸದಾಗಿ ಸಂಸಾರ ಹೂಡಿರುವ ನನ್ನ ತಂಗಿಯ ಮಗ ಕಳೆದ ಏಪ್ರಿಲ್‌ನಲ್ಲಿ ದಾವಣಗೆರೆಯ ನಮ್ಮ ಮನೆಗೆ ಬರುವಾಗ ಒಂದು ಕೆಂಪು ವೈನ್ ಬಾಟಲಿ ತಂದಿದ್ದ. ಎರಡು ಸಾವಿರ ರೂಪಾಯಿಗಿಂತ ಹೆಚ್ಚು ಕೊಟ್ಟಿದ್ದನಂತೆ. ಕೈಗೆ ತೆಗೆದುಕೊಂಡಾಗಲೇ ನನಗೆ ಸಂಶಯ ಬಂತು. ಬಿರಡೆ ಬಾಟಲಿಯ ಅಂಚಿಗಿಂತ ಸ್ವಲ್ಪ ಮೇಲೆದ್ದಿತ್ತು, ಕತ್ತಿನ ಸುತ್ತ ಅಂಟಂಟಾಗಿತ್ತು. ತೆರೆದು ಲೋಟಕ್ಕೆ ಸುರಿದರೆ ಒಣದ್ರಾಕ್ಷಿ ಕುದಿಸಿದ ನೀರಿನ ವಾಸನೆ. “ದೊಡ್ಡಮ್ಮ, ಇಷ್ಟು ದುಡ್ಡು ಕೊಟ್ಟರೂ ಹೀಗೇಕೆ?” ಎಂದ. ಅಂಗಡಿಯಲ್ಲಿ ಎಲ್ಲಿ ಇಟ್ಟಿದ್ದರು ಎಂದು ಕೇಳಿದೆ. ಚಂದ ಕಾಣಲೆಂದು ಮುಂದಿನ ಗಾಜಿನ ಕಪಾಟಿನಲ್ಲಿ, ಸಂಜೆ ಬಿಸಿಲು ನೇರವಾಗಿ ಬೀಳುವ ಕಡೆ ನಿಲ್ಲಿಸಿದ್ದರಂತೆ. ನಮ್ಮ ಫ್ರಿಜ್‌ನಲ್ಲಿದ್ದ, ಅದರ ಅರ್ಧ ಬೆಲೆಯೂ ಇಲ್ಲದ ಬಿಳಿ ವೈನ್ ತೆರೆದು ಗಂಡಹೆಂಡತಿ ಇಬ್ಬರಿಗೂ ಕೊಟ್ಟೆ. ಊಟ ಮುಗಿಯುವವರೆಗೂ ಅವರು ಅದರ ಮಾತನ್ನೇ ಆಡುತ್ತಿದ್ದರು.

ಹದಿನೈದು ವರ್ಷಗಳಿಂದ ನಾನೂ ನಮ್ಮ ಯಜಮಾನರೂ ವಾರಕ್ಕೆ ಒಂದೆರಡು ದಿನ ರಾತ್ರಿಯ ಊಟದ ಜೊತೆ ಒಂದೊಂದು ಲೋಟ ವೈನ್ ಕುಡಿಯುತ್ತಾ ಬಂದಿದ್ದೇವೆ. ಬಾಟಲಿಗೆ ಸಾವಿರ ರೂಪಾಯಿ ದಾಟಬಾರದೆಂಬುದು ಮನೆಯ ಲೆಕ್ಕ. ಇಷ್ಟು ವರ್ಷಗಳಲ್ಲಿ ನನಗೆ ಖಚಿತವಾಗಿರುವುದು ಇದು: ನಮ್ಮಂಥ ಬಿಸಿಲಿನ ಊರಿನಲ್ಲಿ ವೈನಿನ ರುಚಿಯನ್ನು ಬೆಲೆಗಿಂತ ಹೆಚ್ಚಾಗಿ ಅದನ್ನು ಇಟ್ಟ ಜಾಗ ನಿರ್ಧರಿಸುತ್ತದೆ. ಹಾಗಾಗಿ ಯಾವ ಬಾಟಲಿ ಕೊಳ್ಳಬೇಕು ಎನ್ನುವುದಕ್ಕೆ ಮೊದಲು ಅದನ್ನು ಹೇಗೆ ಇಡಬೇಕು ಎಂಬುದನ್ನು ಹೇಳುತ್ತೇನೆ.

ವೈನ್ ಬಾಟಲಿಯೊಳಗೆ ಸೇರಿದ ಮೇಲೂ ಮಾಗುತ್ತಲೇ ಇರುತ್ತದೆ. ತಂಪಿನಲ್ಲಿ ಅದು ನಿಧಾನ, ಸೆಕೆಯಲ್ಲಿ ಅವಸರ. ಹನ್ನೆರಡರಿಂದ ಹದಿನೈದು ಡಿಗ್ರಿಯಲ್ಲಿ ಅದು ಸುಖವಾಗಿರುತ್ತದೆ. ಇಪ್ಪತ್ತೈದು ದಾಟಿದ ಜಾಗದಲ್ಲಿ ವಾರಗಟ್ಟಲೆ ಇಟ್ಟರೆ ಹಣ್ಣಿನ ಪರಿಮಳ ಮಂಕಾಗುತ್ತದೆ. ಮೂವತ್ತೈದು ದಾಟಿದರೆ ಕೆಲವೇ ದಿನ ಸಾಕು, ಬೆಂದ ಹಣ್ಣಿನ ರುಚಿ ಬಂದುಬಿಡುತ್ತದೆ. ಒಳಗಿನ ರಸ ಹಿಗ್ಗಿ ಬಿರಡೆಯನ್ನು ಮೇಲಕ್ಕೆ ನೂಕುತ್ತದೆ, ಆ ಸಂದಿನಲ್ಲಿ ಗಾಳಿ ಒಳಸೇರುತ್ತದೆ. ಮಾರ್ಚ್‌ನಿಂದ ಮೇವರೆಗೆ ದಾವಣಗೆರೆಯ ಮನೆಗಳ ಒಳಗೇ ಮೂವತ್ತೆರಡು, ಮೂವತ್ಮೂರು ಡಿಗ್ರಿ ಇರುತ್ತದೆ. ತಾರಸಿಯ ಕೆಳಗಿನ ಕೋಣೆಯಾದರೆ ಇನ್ನೂ ಹೆಚ್ಚು. ಅಡುಗೆಮನೆಯ ಅಟ್ಟದ ಮೇಲೆ, ಶೋಕೇಸಿನಲ್ಲಿ, ಫ್ರಿಜ್‌ನ ನೆತ್ತಿಯ ಮೇಲೆ ವೈನ್ ಇಡಬೇಡಿ. ಫ್ರಿಜ್‌ನ ನೆತ್ತಿ ಸದಾ ಬೆಚ್ಚಗಿರುತ್ತದೆ. ಬೇಸಿಗೆಯಲ್ಲಿ ತಂದ ಬಾಟಲಿಗೆ ಫ್ರಿಜ್‌ನ ಒಳಗಿನ ತರಕಾರಿ ಡಬ್ಬಿಯೇ ಸರಿಯಾದ ಜಾಗ. ಬಿರಡೆಯದ್ದನ್ನು ಮಲಗಿಸಿಡಿ, ಬಿರಡೆ ಒಣಗಿ ಕುಗ್ಗುವುದಿಲ್ಲ. ತಿರುಪು ಮುಚ್ಚಳದ್ದನ್ನು ಹೇಗಿಟ್ಟರೂ ನಡೆಯುತ್ತದೆ.

ಬೆಂಗಳೂರಿನಿಂದ ಕಾರಿನಲ್ಲಿ ತರುವವರಿಗೆ ಒಂದು ಮಾತು. ದಾರಿಯಲ್ಲಿ ತಿಂಡಿಗೆಂದು ಹಿರಿಯೂರಿನಲ್ಲಿ ನಿಲ್ಲಿಸಿ ಕಾರನ್ನು ಬಿಸಿಲಿನಲ್ಲಿ ಬಿಟ್ಟರೆ ಡಿಕ್ಕಿಯೊಳಗೆ ಕೈ ಇಡಲಾಗದಷ್ಟು ಕಾವು ಏರುತ್ತದೆ. ಬಾಟಲಿಯನ್ನು ಒದ್ದೆ ಟವೆಲ್‌ನಲ್ಲಿ ಸುತ್ತಿ ಸೀಟಿನ ಕೆಳಗೆ ಇಟ್ಟುಕೊಳ್ಳಿ, ಬೆಳಗಿನ ಹೊತ್ತೇ ಹೊರಡಿ.

ಕೆಂಪು ವೈನನ್ನು ಕೋಣೆಯ ಬಿಸಿಯಲ್ಲಿಯೇ ಕುಡಿಯಬೇಕು ಎಂದು ಎಲ್ಲರೂ ಹೇಳುತ್ತಾರೆ. ಆ ಮಾತು ಹುಟ್ಟಿದ್ದು ಯುರೋಪಿನ ಹಳೆಯ ಕಲ್ಲಿನ ಮನೆಗಳಲ್ಲಿ, ಅಲ್ಲಿನ ಕೋಣೆ ಹದಿನಾರು ಹದಿನೆಂಟು ಡಿಗ್ರಿ ಇರುತ್ತಿತ್ತು. ನಮ್ಮ ಪಿ.ಜೆ. ಬಡಾವಣೆಯ ಕೋಣೆಗೆ ಆ ಮಾತು ಹೊಂದುವುದಿಲ್ಲ. ಬಿಸಿಯಾದ ಕೆಂಪು ವೈನಿನಲ್ಲಿ ಮದ್ಯದ ಘಾಟು ಮೊದಲು ಮೂಗಿಗೆ ಹೊಡೆಯುತ್ತದೆ, ಹಣ್ಣು ಹಿಂದೆ ಸರಿಯುತ್ತದೆ. ಕೆಂಪನ್ನು ಮುಕ್ಕಾಲು ಗಂಟೆ ಫ್ರಿಜ್‌ನಲ್ಲಿಟ್ಟು ತೆರೆಯಿರಿ. ಬಿಳಿಯದಕ್ಕೆ ಮೂರು ಗಂಟೆ ಬೇಕು. ಕರೆಂಟು ಹೋದ ದಿನ ನಾನು ಅಮ್ಮನ ಕಾಲದ ಉಪಾಯಕ್ಕೆ ಮರಳುತ್ತೇನೆ. ಬಾಟಲಿಗೆ ಒದ್ದೆ ಹತ್ತಿಬಟ್ಟೆ ಸುತ್ತಿ, ನೀರು ತುಂಬಿದ ಹೊಸ ಮಣ್ಣಿನ ಗಡಿಗೆಯೊಳಗೆ ಕತ್ತಿನವರೆಗೆ ಮುಳುಗಿಸಿ, ಗಾಳಿ ಆಡುವ ಕಿಟಕಿಯ ನೆರಳಿನಲ್ಲಿ ಇಡುತ್ತೇನೆ. ಮಂಗಳೂರಿನ ಜಿಗುಟು ಹವೆಯಲ್ಲಿ ಇದು ಅಷ್ಟಾಗಿ ನಡೆಯುವುದಿಲ್ಲ. ನಮ್ಮದು ಒಣ ಹವೆ, ಗಡಿಗೆಯ ಹೊರಮೈಯ ನೀರು ಬೇಗ ಆರಿ ಒಳಗಿನ ಕಾವನ್ನು ಎಳೆದುಕೊಂಡು ಹೋಗುತ್ತದೆ.

ಇನ್ನು ಕೊಳ್ಳುವ ಮಾತು. ನಮ್ಮ ಊರುಗಳಲ್ಲಿ ವೈನ್ ಸ್ಟೋರ್ ಎಂದು ಬೋರ್ಡ್ ಇರುವ ಅಂಗಡಿಯಲ್ಲಿ ಹೆಚ್ಚಾಗಿ ಇರುವುದು ವಿಸ್ಕಿ, ಬ್ರಾಂದಿ, ರಮ್. ವೈನ್ ಒಂದು ಮೂಲೆಯಲ್ಲಿ ಧೂಳು ಹಿಡಿದು ಕೂತಿರುತ್ತದೆ. ಆದ್ದರಿಂದ ವೈನ್ ಬೇಗ ಖಾಲಿಯಾಗುವ ಅಂಗಡಿಯನ್ನು ಮೊದಲು ಹುಡುಕಿಕೊಳ್ಳಿ. ಮುಂದೆ ಜೋಡಿಸಿಟ್ಟ ಬಾಟಲಿ ಬೇಡ, ಒಳಗಿನ ಪೆಟ್ಟಿಗೆಯಿಂದ ಕೊಡಿ ಎಂದು ಸಂಕೋಚವಿಲ್ಲದೆ ಕೇಳಿ. ಬೆಳಗಿನ ಹೊತ್ತು ಹೋದರೆ ನೂಕುನುಗ್ಗಲು ಇರುವುದಿಲ್ಲ, ಹೆಂಗಸರೂ ನೆಮ್ಮದಿಯಿಂದ ನೋಡಿ ಆರಿಸಬಹುದು. ನಾನು ಹಾಗೆಯೇ ಹೋಗುತ್ತೇನೆ.

ಬಾಟಲಿ ಕೈಗೆ ಬಂದ ಮೇಲೆ ಚಿತ್ರ ನೋಡಬೇಡಿ, ವರ್ಷ ನೋಡಿ. ಮುಂದಿನ ಚೀಟಿಯ ಮೇಲಿರುವುದು ದ್ರಾಕ್ಷಿ ಕೊಯ್ದ ವರ್ಷ. ನಾಸಿಕ್ ಕಡೆಯಲ್ಲೂ ನಮ್ಮ ರಾಜ್ಯದಲ್ಲೂ ವೈನ್ ದ್ರಾಕ್ಷಿಯ ಕೊಯ್ಲು ಹೆಚ್ಚಾಗಿ ಜನವರಿಯಿಂದ ಮಾರ್ಚ್‌ವರೆಗೆ ನಡೆಯುತ್ತದೆ, ಯುರೋಪಿನಲ್ಲಾದರೆ ಸೆಪ್ಟೆಂಬರ್ ಸುಮಾರಿಗೆ. ವರ್ಷ ಹಾಕಿಲ್ಲದಿದ್ದರೆ ಹಿಂಬದಿಯ ಚೀಟಿಯಲ್ಲಿ ತುಂಬಿದ ತಿಂಗಳು ಇರುತ್ತದೆ. ವೈನ್ ಹಳೆಯದಾದಷ್ಟೂ ಒಳ್ಳೆಯದು ಎಂಬುದು ಕೆಲವೇ ದುಬಾರಿ ಬಾಟಲಿಗಳ ಮಾತು. ನಮ್ಮ ಬೆಲೆಯ ವೈನ್ ಮಾಡುವುದೇ ಬೇಗ ಕುಡಿಯಲಿ ಎಂದು. ಬಿಳಿ ಮತ್ತು ಗುಲಾಬಿ ವೈನ್ ಎರಡು ವರ್ಷ ದಾಟಿದ್ದರೆ ನಾನು ತೆಗೆದುಕೊಳ್ಳುವುದಿಲ್ಲ, ಕೆಂಪಿಗೆ ನಾಲ್ಕು ವರ್ಷ ಬಿಡುತ್ತೇನೆ. ಬಿರಡೆಯೋ ತಿರುಪು ಮುಚ್ಚಳವೋ ಎಂದರೆ ಈ ಬೆಲೆಯಲ್ಲಿ ತಿರುಪು ಮುಚ್ಚಳವೇ ಮೇಲು. ಅದನ್ನು ಕೀಳು ಎಂದು ತಿಳಿಯಬೇಡಿ. ಬಿರಡೆ ಕೆಟ್ಟಿದ್ದರೆ ಇಡೀ ಬಾಟಲಿಗೆ ಒದ್ದೆ ಗೋಣಿಚೀಲದ ವಾಸನೆ ಹತ್ತುತ್ತದೆ, ಮುಚ್ಚಳದಲ್ಲಿ ಆ ಭಯವಿಲ್ಲ.

ಮೊದಲ ಬಾಟಲಿ ಕೊಳ್ಳುವವರಿಗೆ ನಾನು ಹೇಳುವುದು ಶೆನಿನ್ ಬ್ಲಾಂಕ್ ಎಂಬ ಬಿಳಿ ದ್ರಾಕ್ಷಿಯ ವೈನ್. ಮೂಲ ಫ್ರಾನ್ಸಿನ ಲ್ವಾರ್ ಕಣಿವೆಯದಾದರೂ ನಮ್ಮ ಮಣ್ಣಿಗೆ ಚೆನ್ನಾಗಿ ಒಗ್ಗಿಕೊಂಡಿದೆ. ಇಲ್ಲಿ ಇದನ್ನು ತುಸು ಸಿಹಿ ಉಳಿಸಿಯೇ ಮಾಡುವುದು ಹೆಚ್ಚು, ಹುಳಿಯೂ ಹಿತವಾಗಿರುತ್ತದೆ. ನಾಸಿಕ್‌ನ ಸುಲಾ ಎಂಬ ವೈನ್ ಕಂಪನಿಯವರದ್ದು ಸಣ್ಣ ಊರುಗಳಲ್ಲೂ ಸಿಗುತ್ತದೆ. ನಂದಿ ಬೆಟ್ಟದ ತಪ್ಪಲಲ್ಲಿ 1988ರಲ್ಲಿ ಶುರುವಾದ ಗ್ರೋವರ್ ತೋಟದ ವೈನ್ ನಮ್ಮ ಮನೆಯ ಹಳೆಯ ಸ್ನೇಹಿತ. ಮಗಳು ದೊಡ್ಡಬಳ್ಳಾಪುರದಲ್ಲಿದ್ದಾಗ ಆ ಕಡೆಯ ದ್ರಾಕ್ಷಿ ಸಾಲುಗಳ ನಡುವೆ ಓಡಾಡಿದ್ದೆ, ವೈನಿನ ಮೇಲೆ ಪ್ರೀತಿ ಹುಟ್ಟಿದ್ದು ಅಲ್ಲಿಯೇ. ಕೆಂಪಿನಲ್ಲಿ ಕ್ಯಾಬರ್ನೆ ಮತ್ತು ಶಿರಾಜ್ ಎಂಬ ಎರಡು ಕಪ್ಪು ದ್ರಾಕ್ಷಿ ಬೆರೆಸಿದ್ದು ಒಗರು ಕಡಿಮೆ ಇರುವುದರಿಂದ ಹೊಸಬರಿಗೆ ಸಲೀಸು. 2007ರಲ್ಲಿ ರಾಜ್ಯದ ದ್ರಾಕ್ಷಾರಸ ನೀತಿ ಬಂದ ಮೇಲೆ ನಂದಿ ಕಣಿವೆ, ಕೃಷ್ಣಾ ಕಣಿವೆ ಎಂಬ ಹೆಸರುಗಳು ಬಾಟಲಿಯ ಮೇಲೆ ಕಾಣುತ್ತಿವೆ, ನಮ್ಮ ರೈತರ ಹಣ್ಣು ಎಂದು ನಾನು ಅವನ್ನು ಅಭಿಮಾನದಿಂದ ಆರಿಸುತ್ತೇನೆ. ಕೊಪ್ಪಳ ಜಿಲ್ಲೆಯ ಹಂಪಿ ಹಿಲ್ಸ್‌ನಲ್ಲೂ ಬಹಳ ಒಳ್ಳೆಯ ವೈನ್ ಆಗುತ್ತದೆ. ಆದರೆ ಅದರ ಬೆಲೆ ಮದುವೆಯ ವಾರ್ಷಿಕೋತ್ಸವಕ್ಕೆ ಸರಿ, ವಾರದ ಊಟಕ್ಕಲ್ಲ.

ಪೋರ್ಟ್ ವೈನ್ ಎಂದು ಅಗ್ಗವಾಗಿ ಸಿಗುವುದರ ಬಗ್ಗೆ ಹಲವರು ಕೇಳುತ್ತಾರೆ. ನಿಜವಾದ ಪೋರ್ಟ್ ಪೋರ್ಚುಗಲ್‌ನ ದೋರು ಕಣಿವೆಯದು. ದ್ರಾಕ್ಷಿರಸ ಹುದುಗುತ್ತಿರುವಾಗಲೇ ದ್ರಾಕ್ಷಿಯಿಂದ ಭಟ್ಟಿ ಇಳಿಸಿದ ಮದ್ಯ ಸೇರಿಸಿ, ಹಣ್ಣಿನ ಸಿಹಿಯನ್ನೇ ಉಳಿಸಿಕೊಳ್ಳುತ್ತಾರೆ. ನಮ್ಮಲ್ಲಿ ಆ ಹೆಸರಿನಲ್ಲಿ ಸಿಗುವುದು ಬಹುಪಾಲು ಸಕ್ಕರೆ ಸೇರಿಸಿದ ಸಿಹಿ ವೈನ್. ಬೆಂಗಳೂರು ನೀಲಿ ದ್ರಾಕ್ಷಿ ಇಂಥ ವೈನಿಗೆ ಬಹಳ ಬಳಕೆಯಾಗುತ್ತದೆ, ಅದಕ್ಕೆ 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಕೇಕಿಗೆ ಹಾಕಲು, ಊಟವಾದ ಮೇಲೆ ಎರಡು ಗುಟುಕಿಗೆ ಅದು ಚೆನ್ನ. ಊಟದ ನಡುವೆ ಕುಡಿದರೆ ಬಾಯಿ ಸಿಹಿಯಾಗಿ ಸಾರಿನ ರುಚಿ ಸಪ್ಪೆಯಾಗುತ್ತದೆ. ಬಾಣಂತಿಗೆ ಮೈ ಬೆಚ್ಚಗಾಗಲೆಂದು ಪೋರ್ಟ್, ಬ್ರಾಂದಿ ಕುಡಿಸುವ ಪದ್ಧತಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ದಯವಿಟ್ಟು ಬಿಟ್ಟುಬಿಡಿ, ಅದು ಎದೆಹಾಲಿನ ಮೂಲಕ ಮಗುವಿಗೆ ಹೋಗುತ್ತದೆ.

ಲೋಟ ಯಾವುದಾದರೂ ಆಗಲಿ, ತೆಳುವಾದ ಗಾಜಿನದಿರಲಿ, ಸಾಬೂನಿನ ವಾಸನೆ ಉಳಿಯದಂತೆ ಬಿಸಿನೀರಿನಲ್ಲಿ ತೊಳೆದಿರಲಿ. ಅರ್ಧಕ್ಕಿಂತ ಕಡಿಮೆ ಸುರಿಯಿರಿ, ಮೇಲಿನ ಖಾಲಿ ಜಾಗದಲ್ಲಿ ಪರಿಮಳ ನಿಲ್ಲುತ್ತದೆ.

ಊಟದ ವಿಷಯಕ್ಕೆ ಬಂದರೆ ನಮ್ಮ ದಾವಣಗೆರೆಯ ಅದೃಷ್ಟ ದೊಡ್ಡದು. ಬೆಣ್ಣೆದೋಸೆಯ ಜೊತೆ ತಣ್ಣನೆಯ ಬಿಳಿ ವೈನ್ ಕುಡಿದು ನೋಡಿ. ನಾಲಗೆಗೆ ಹತ್ತಿದ ಬೆಣ್ಣೆಯ ಜಿಡ್ಡನ್ನು ಆ ಹುಳಿ ತೊಳೆದು ಮುಂದಿನ ತುತ್ತಿಗೆ ಬಾಯಿಯನ್ನು ಹೊಸದು ಮಾಡುತ್ತದೆ. ಬೆಣ್ಣೆದೋಸೆ ಬೆಳಗಿನ ತಿಂಡಿ ಎನ್ನುವವರು ಒಂದು ಭಾನುವಾರ ರಾತ್ರಿ ಮನೆಯಲ್ಲೇ ಹಾಕಿ, ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿಯೊಂದಿಗೆ ಬಡಿಸಲಿ. ಮಂಡಕ್ಕಿ ಮಿರ್ಚಿಗೆ ಮಾತ್ರ ಎಚ್ಚರ ಬೇಕು. ಮೆಣಸಿನಕಾಯಿಯ ಉರಿಯನ್ನು ಮದ್ಯವೂ ಒಗರೂ ಕೆರಳಿಸುತ್ತವೆ, ಸಿಹಿ ತಣಿಸುತ್ತದೆ. ಗಟ್ಟಿ ಕೆಂಪು ವೈನ್ ಹಿಡಿದು ಮಿರ್ಚಿ ಕಚ್ಚಿದರೆ ಕಣ್ಣಲ್ಲಿ ನೀರು ಬರುತ್ತದೆ. ಅಲ್ಲಿಗೆ ಶೆನಿನ್ ಬ್ಲಾಂಕ್ ಅಥವಾ ತುಸು ಸಿಹಿಯ ಗುಲಾಬಿ ವೈನ್, ಅದೂ ಚೆನ್ನಾಗಿ ತಣಿಸಿದ್ದು. ಜೋಳದ ರೊಟ್ಟಿ, ಶೇಂಗಾ ಎಳ್ಳು ತುಂಬಿದ ಎಣ್ಣೆಗಾಯಿ ಇದ್ದ ದಿನ ಶಿರಾಜ್ ತೆಗೆಯಿರಿ, ಹುರಿದ ಶೇಂಗಾದ ಕಂಪಿಗೂ ಅದಕ್ಕೂ ಬಹಳ ಹೊಂದಾಣಿಕೆ. ಕ್ಯಾಬರ್ನೆಯ ಒಗರಿಗೆ ಕೊಬ್ಬು ಬೇಕು, ಮಾಂಸ ತಿನ್ನುವ ಮನೆಯವರು ಮಟನ್ ಜೊತೆ ಇಟ್ಟುಕೊಳ್ಳಬಹುದು. ನಮ್ಮ ಮನೆಯಲ್ಲಿ ಮಾಂಸವಿಲ್ಲ, ಹಾಗಾಗಿ ಕ್ಯಾಬರ್ನೆ ತಂದ ದಿನ ಪನೀರನ್ನು ತುಪ್ಪದಲ್ಲಿ ಕೆಂಪಗೆ ಹುರಿದು ಬರೀ ಕಾಳುಮೆಣಸು ಹಾಕುತ್ತೇನೆ. ಏನೂ ಮಾಡಲಾಗದ ಸಂಜೆಗೆ ಚಳ್ಳಕೆರೆಯ ಶೇಂಗಾವನ್ನು ಉಪ್ಪುನೀರಿನಲ್ಲಿ ಬೇಯಿಸಿ ಸುಲಿಯುತ್ತಾ ಕೂತರೆ ಸಾಕು. ಯಾವ ವೈನಿಗೂ ಉಪ್ಪಿನಕಾಯಿ ಬೇಡ.

ಅಳತೆಯನ್ನು ಮನೆಯ ಹಿರಿಯಳಾಗಿ ಗಟ್ಟಿಯಾಗಿಯೇ ಹೇಳುತ್ತೇನೆ. 750 ಮಿಲಿ ಬಾಟಲಿಯಲ್ಲಿ 125 ಮಿಲಿಯ ಆರು ಲೋಟಗಳಿವೆ. ಇಬ್ಬರಿಗೆ ಅದು ಮೂರು ಊಟಕ್ಕೆ ಬರಬೇಕು. ವೈನ್ ಹಣ್ಣಿನ ರಸದಂತೆ ಹಗುರ ಎಂದು ತಿಳಿದು ದೊಡ್ಡ ಲೋಟ ತುಂಬಿಸಿಕೊಳ್ಳುವವರನ್ನು ನೋಡಿದ್ದೇನೆ. ಶೇಕಡ 12.5 ಮದ್ಯಾಂಶದ ವೈನ್ 150 ಮಿಲಿ ಕುಡಿದರೆ, ಅದರಲ್ಲಿ ಸುಮಾರು ಒಂದೂವರೆ ಸಣ್ಣ ಪೆಗ್ (30 ಮಿಲಿಯದು) ವಿಸ್ಕಿಯಷ್ಟು ಮದ್ಯ ಇರುತ್ತದೆ. ಕೆಂಪು ವೈನ್ ಹೃದಯಕ್ಕೆ ಔಷಧಿ ಎಂಬ ಮಾತನ್ನು ನಂಬಿ ಯಾರೂ ಶುರು ಮಾಡಬೇಡಿ. ಮದ್ಯಕ್ಕೆ ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ನಾವು ಕುಡಿಯುವುದು ರುಚಿಗಾಗಿ, ಊಟದ ಜೊತೆ ಕೂತು ಮಾತಾಡುವ ಆ ಒಂದು ಗಂಟೆಗಾಗಿ, ಹಾಗಾಗಿ ಕಡಿಮೆ ಇದ್ದಷ್ಟೂ ಒಳ್ಳೆಯದು. ಸಕ್ಕರೆ ಕಾಯಿಲೆಯ ಮಾತ್ರೆ, ನಿದ್ರೆಯ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಗರ್ಭಿಣಿಯರಿಗೆ ಒಂದು ಗುಟುಕೂ ಬೇಡ. ವಾಹನ ಓಡಿಸಬೇಕಾದವರ ಲೋಟಕ್ಕೆ ನಾನು ನಿಂಬೆ ಪಾನಕವನ್ನೇ ಸುರಿಯುತ್ತೇನೆ, ಅವರು ಎಷ್ಟು ಒತ್ತಾಯಿಸಿದರೂ.

ತೆರೆದ ಬಾಟಲಿಗೆ ಗಾಳಿಯೇ ಶತ್ರು. ಅರ್ಧ ಖಾಲಿಯಾದ ಬಾಟಲಿಯನ್ನು ಹಾಗೆಯೇ ಮುಚ್ಚಿಟ್ಟರೆ ಒಳಗಿನ ಅರ್ಧದಷ್ಟು ಗಾಳಿ ಅದನ್ನು ಎರಡೇ ದಿನಕ್ಕೆ ಸಪ್ಪೆ ಮಾಡುತ್ತದೆ. ನಾನು ಮುಚ್ಚಳ ಗಟ್ಟಿಯಿರುವ ಸಣ್ಣ ಗಾಜಿನ ಬಾಟಲಿಗಳನ್ನು ತೊಳೆದು ಒಣಗಿಸಿ ಇಟ್ಟುಕೊಂಡಿರುತ್ತೇನೆ. ಬಾಟಲಿ ತೆರೆದ ಕೂಡಲೇ, ಇನ್ನೂ ಯಾರೂ ಕುಡಿಯುವ ಮೊದಲೇ, ನಾಳಿನ ಪಾಲನ್ನು ಅದಕ್ಕೆ ಕಂಠಪೂರ್ತಿ ತುಂಬಿ ಮುಚ್ಚಿ ಫ್ರಿಜ್‌ನಲ್ಲಿಡುತ್ತೇನೆ. ಕೆಂಪಾದರೂ ಫ್ರಿಜ್‌ನಲ್ಲೇ. ಹೀಗೆ ಮಾಡಿದರೆ ನಾಲ್ಕೈದು ದಿನ ರುಚಿ ಕೆಡುವುದಿಲ್ಲ, ಇವತ್ತಿನ ಪಾಲು ಮುಗಿದ ಮೇಲೆ ಇನ್ನಷ್ಟು ಸುರಿಯುವ ಆಸೆಯೂ ಹುಟ್ಟುವುದಿಲ್ಲ.

ಅಡುಗೆಗೆ ಉಳಿದ ವೈನ್ ಹಾಕಿದರೆ ಮದ್ಯವೆಲ್ಲ ಆವಿಯಾಗುತ್ತದೆ ಎನ್ನುವುದು ತಪ್ಪು. ಅರ್ಧ ಗಂಟೆ ಕುದಿಸಿದರೂ ಮೂರನೆಯ ಒಂದು ಭಾಗದಷ್ಟು ಉಳಿಯುತ್ತದೆ. ನಮ್ಮ ಕಡೆ ಮದ್ಯ ಮುಟ್ಟದ ಮನೆತನಗಳು ಬಹಳ, ವ್ರತದವರೂ ಇರುತ್ತಾರೆ. ಬಡಿಸುವ ಮೊದಲು ಹೇಳಿಬಿಡಿ.

ಒಂದು ವಾರ ಕಳೆದು ಹುಳಿಯಾದದ್ದನ್ನು ನಾನು ಚೆಲ್ಲುವುದಿಲ್ಲ, ವಿನೆಗರ್ ಮಾಡಿಕೊಳ್ಳುತ್ತೇನೆ. ವೈನಿನ ಮದ್ಯ ಜಾಸ್ತಿಯಾದ್ದರಿಂದ ಹುಳಿ ಮಾಡುವ ಜೀವಿಗಳು ಅದರಲ್ಲಿ ಚುರುಕಾಗಿ ಬೆಳೆಯಲಾರವು. ಅದಕ್ಕೆ ಸಮನಾಗಿ ಕಾಯಿಸಿ ಆರಿಸಿದ ನೀರು ಬೆರೆಸಿ, ಅಗಲ ಬಾಯಿಯ ಗಾಜಿನ ಜಾಡಿಗೆ ಹಾಕಿ. ಮೊಸರಿಗೆ ಹೆಪ್ಪು ಹಾಕುವಂತೆ ಸೋಸದ, ಕಾಯಿಸದ ವಿನೆಗರ್ ಎರಡು ಚಮಚ ಸೇರಿಸಿ. ಮುಚ್ಚಳದ ಬದಲು ತೆಳು ಬಟ್ಟೆ ಕಟ್ಟಿ ಕತ್ತಲೆಯ ಮೂಲೆಯಲ್ಲಿಡಿ. ಇದಕ್ಕೆ ಮಾತ್ರ ನಮ್ಮ ಊರಿನ ಸೆಕೆ ಬಹಳ ಒಳ್ಳೆಯದು, ತಿಂಗಳೊಂದೂವರೆ ತಿಂಗಳಿಗೆ ಘಮ್ಮೆನ್ನುವ ಹುಳಿ ತಯಾರಾಗುತ್ತದೆ. ಹೆಚ್ಚಿದ ಈರುಳ್ಳಿಯನ್ನು ಅದರಲ್ಲಿ ಹತ್ತು ನಿಮಿಷ ನೆನೆಸಿ ಖಾರ ಮಂಡಕ್ಕಿಯ ಮೇಲೆ ಹಾಕಿ ತಿನ್ನಿ. ಜಾಡಿಯ ತಳದಲ್ಲಿ ಎರಡು ಚಮಚ ಉಳಿಸಿಕೊಂಡರೆ ಮುಂದಿನ ಸಲಕ್ಕೆ ಅದೇ ಹೆಪ್ಪು.