ಕೆಂಪು ದೀಪ ಮಿಣುಕಿದರೆ ಯಾರನ್ನು ಕರೆಯಬೇಕು?

ಮನೆಯ ಇಂಟರ್‌ನೆಟ್ ನಿಂತ ಕೂಡಲೇ ಹೆಚ್ಚಿನವರು ಮಾಡುವುದು ಎರಡೇ ಕೆಲಸ: ಮೋಡೆಮ್‌ನ ತಲೆಗೆ ಒಂದು ಪೆಟ್ಟು, ಕಸ್ಟಮರ್ ಕೇರ್‌ಗೆ ಒಂದು ಫೋನ್. ಪೆಟ್ಟಿನಿಂದ ಏನೂ ಆಗುವುದಿಲ್ಲ. ಫೋನಿನಿಂದ ಏನಾದರೂ ಆಗಬೇಕಿದ್ದರೆ ತೊಂದರೆ ಎಲ್ಲಿದೆ ಎಂಬ ಅಂದಾಜು ನಮಗಿರಬೇಕು. ಕೈಯಲ್ಲಿರುವ ಮೊಬೈಲ್ ಅಥವಾ ಲ್ಯಾಪ್‌ಟಾಪ್, ಮನೆಯೊಳಗಿನ ವೈಫೈ, ಗೋಡೆಯ ಮೇಲಿನ ಮೋಡೆಮ್, ಮನೆಯಿಂದ ಕಂಬದವರೆಗಿನ ಫೈಬರ್, ಅಲ್ಲಿಂದಾಚೆ ಕಂಪನಿಯ ಜಾಲ: ಕೆಟ್ಟಿರುವುದು ಈ ಐದರಲ್ಲಿ ಯಾವುದೋ ಒಂದು. ಮೊದಲ ಮೂರನ್ನು ನಾವೇ ಸರಿಮಾಡಿಕೊಳ್ಳಬಹುದು. ಉಳಿದೆರಡಕ್ಕೆ ಜನ ಬರಬೇಕು. ಆ ಜನ ಎಷ್ಟು ಬೇಗ ಬರುತ್ತಾರೆ ಎಂಬುದನ್ನು ಸಂಪರ್ಕ ತೆಗೆದುಕೊಳ್ಳುವ ಮೊದಲೇ ವಿಚಾರಿಸಿಕೊಂಡವರು ಜಾಣರು.

ಮೊದಲು ದೀಪ ನೋಡಿ

ಫೈಬರ್ ಸಂಪರ್ಕದ ಮೋಡೆಮ್‌ನ ಮುಖದಲ್ಲಿ ಸಾಲು ದೀಪಗಳಿರುತ್ತವೆ. ಈ ಮೋಡೆಮ್ ಅನ್ನು ಕಂಪನಿಯವರು ಒಎನ್‌ಟಿ ಎಂದು ಕರೆಯುತ್ತಾರೆ. ನೋಡಬೇಕಾದ್ದು ಮುಖ್ಯವಾಗಿ ಮೂರು ದೀಪಗಳನ್ನು: ಪಾನ್ (PON), ಲಾಸ್ (LOS) ಮತ್ತು ಇಂಟರ್‌ನೆಟ್. ಎಲ್ಲವೂ ಸರಿಯಿದ್ದಾಗ ಪಾನ್ ಹಸಿರಾಗಿ ನಿಶ್ಚಲವಾಗಿ ಉರಿಯುತ್ತದೆ, ಲಾಸ್ ಆರಿರುತ್ತದೆ.

ಲಾಸ್ ಕೆಂಪಾಗಿ ಮಿಣುಕುತ್ತಿದ್ದರೆ ಕಂಪನಿಯ ಕಡೆಯಿಂದ ಬರಬೇಕಾದ ಬೆಳಕು ನಿಮ್ಮ ಮನೆಗೆ ತಲುಪುತ್ತಿಲ್ಲ ಎಂದರ್ಥ. ದಾರಿಯಲ್ಲೆಲ್ಲೋ ಫೈಬರ್ ತುಂಡಾಗಿದೆ, ಇಲ್ಲವೇ ವಿಪರೀತ ಬಾಗಿದೆ. ಇಂಥ ಹೊತ್ತಿನಲ್ಲಿ ಮೋಡೆಮ್ ಅನ್ನು ಹತ್ತು ಸಲ ಆಫ್ ಮಾಡಿ ಆನ್ ಮಾಡಿದರೂ ಪ್ರಯೋಜನವಿಲ್ಲ. ಲಾಸ್ ಆರಿದ್ದು ಪಾನ್ ಮಾತ್ರ ಮಿಣುಕುತ್ತಿದ್ದರೆ ಬೆಳಕು ಬರುತ್ತಿದೆ, ಆದರೆ ಆ ತುದಿಯ ಯಂತ್ರ ನಿಮ್ಮ ಮೋಡೆಮ್ ಅನ್ನು ಗುರುತಿಸುತ್ತಿಲ್ಲ. ಅದೂ ಕಂಪನಿಯವರ ಕೆಲಸವೇ.

ಪಾನ್ ಸರಿಯಿದ್ದು ಇಂಟರ್‌ನೆಟ್ ದೀಪ ಮಾತ್ರ ಆರಿದ್ದರೆ ಅಥವಾ ಕೆಂಪಾಗಿದ್ದರೆ ಮೊದಲು ರೀಚಾರ್ಜ್ ಮುಗಿದಿದೆಯೇ ನೋಡಿ. ನಗಬೇಡಿ. ವರ್ಷದ ಹಣವನ್ನು ಒಟ್ಟಿಗೆ ಕಟ್ಟಿದವರಿಗೆ ಕೊನೆಯ ದಿನಾಂಕ ನೆನಪಿರುವುದಿಲ್ಲ.

ಆಫ್-ಆನ್ ಬೇರೆ, ರೀಸೆಟ್ ಬೇರೆ

ಕಸ್ಟಮರ್ ಕೇರ್‌ನವರು ‘ಸಾರ್, ಒಂದು ಸಲ ರೀಸ್ಟಾರ್ಟ್ ಮಾಡಿ’ ಎನ್ನುವುದು ಕೇವಲ ಕಾಲಹರಣವಲ್ಲ. ಮೋಡೆಮ್ ಕೂಡ ಒಂದು ಪುಟ್ಟ ಕಂಪ್ಯೂಟರ್. ತಿಂಗಳುಗಟ್ಟಲೆ ಬಿಡುವಿಲ್ಲದೆ ಓಡಿದಾಗ ಅದರ ಸ್ಮೃತಿ ತುಂಬುತ್ತದೆ, ಬಿಸಿಯೂ ಏರುತ್ತದೆ. ಸ್ವಿಚ್ ಆರಿಸಿ, ಅರ್ಧ ನಿಮಿಷ ಬಿಟ್ಟು ಹಾಕಿ. ಎಲ್ಲ ದೀಪಗಳೂ ನೆಲೆಗೊಳ್ಳಲು ಎರಡು ಮೂರು ನಿಮಿಷ ಬೇಕು. ಆತುರಪಟ್ಟು ಮತ್ತೆ ಆರಿಸಬೇಡಿ.

ಆದರೆ ಮೋಡೆಮ್‌ನ ಹಿಂಬದಿಯಲ್ಲಿ ಸೂಜಿ ತೂರುವಷ್ಟು ಚಿಕ್ಕ ರಂಧ್ರವಿರುತ್ತದಲ್ಲ, ಅಲ್ಲಿಗೆ ಮಾತ್ರ ಕೈ ಹಾಕಬೇಡಿ. ಅದು ರೀಸೆಟ್. ಪಿನ್ನಿನಿಂದ ಒತ್ತಿ ಹಿಡಿದರೆ ಕಂಪನಿಯವರು ತುಂಬಿಟ್ಟ ಯೂಸರ್‌ನೇಮ್, ಪಾಸ್‌ವರ್ಡ್, ಉಳಿದ ಹೊಂದಿಕೆಗಳೆಲ್ಲ ಅಳಿಸಿಹೋಗಬಹುದು. ಬಿಎಸ್‌ಎನ್‌ಎಲ್‌ನ ಫೈಬರ್‌ನಲ್ಲೂ ಅನೇಕ ಸ್ಥಳೀಯ ಆಪರೇಟರ್‌ಗಳ ಸಂಪರ್ಕಗಳಲ್ಲೂ ಈ ವಿವರಗಳಿಲ್ಲದೆ ಇಂಟರ್‌ನೆಟ್ ಬರುವುದಿಲ್ಲ. ಹತ್ತು ನಿಮಿಷದ ತೊಂದರೆ ಲೈನ್‌ಮನ್ ಬರುವ ತನಕದ ತೊಂದರೆಯಾಗುತ್ತದೆ. ಹೊಸ ಸಂಪರ್ಕ ಹಾಕಿಸಿದ ದಿನವೇ ಆ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಬರೆಸಿಕೊಂಡು, ಆ ಚೀಟಿಯನ್ನು ಮೋಡೆಮ್‌ನ ಬೆನ್ನಿಗೇ ಅಂಟಿಸಿಡಿ.

ಫೈಬರ್ ಮುಟ್ಟುವ ಮುನ್ನ

ಕೆಂಪು ದೀಪ ಕಂಡಾಗ ಮನೆಯೊಳಗೆ ನೋಡಬೇಕಾದ ಜಾಗ ಒಂದಿದೆ. ಮೋಡೆಮ್‌ನ ಅಡಿಗೆ ಹಸಿರು ಮೂತಿಯ ಕನೆಕ್ಟರ್ ಸಿಕ್ಕಿಸಿರುತ್ತಾರೆ. ಕಸ ಗುಡಿಸುವಾಗಲೋ ಮೇಜು ಸರಿಸುವಾಗಲೋ ಅದು ಸ್ವಲ್ಪ ಸಡಿಲವಾದರೂ ಸಾಕು. ‘ಟಕ್’ ಎನ್ನುವಂತೆ ಒತ್ತಿ ನೋಡಿ. ಅಲ್ಲಿಂದ ಹೊರಟ ತೆಳ್ಳನೆಯ ದಾರ ಮಂಚದ ಕಾಲಿನಡಿ ಸಿಕ್ಕಿದೆಯೇ, ಮೊಳೆಗೆ ಬಿಗಿಯಾಗಿ ಸುತ್ತಿದ್ದಾರೆಯೇ, ಕಿಟಕಿಯ ಬಾಗಿಲು ಅದನ್ನು ಒತ್ತುತ್ತಿದೆಯೇ ಗಮನಿಸಿ. ಒಳಗಿರುವುದು ಗಾಜು. ವಿದ್ಯುತ್ ತಂತಿಯ ಹಾಗೆ ಮಡಚಿದರೆ ಬೆಳಕು ಆ ತಿರುವಿನಲ್ಲೇ ಸೋರಿಹೋಗುತ್ತದೆ.

ಕನೆಕ್ಟರ್ ಅನ್ನು ಹೊರಗೆಳೆದು ಸೆರಗಿನಿಂದಲೋ ಪಂಚೆಯಿಂದಲೋ ಒರೆಸುವ ಸಾಹಸ ಬೇಡ. ಕಣ್ಣಿಗೆ ಕಾಣದ ಧೂಳು, ಬೆರಳಿನ ಜಿಡ್ಡು ಅದರ ತುದಿಗೆ ತಗುಲಿದರೂ ಸಂಪರ್ಕ ಹದಗೆಡುತ್ತದೆ. ಆ ತುದಿಯನ್ನು ಕಣ್ಣಿನೆದುರು ಹಿಡಿದು ನೋಡಲೂಬಾರದು. ಒಳಗೆ ಬರುವ ಲೇಸರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದಲೇ ಅಪಾಯ.

ಲೈನ್‌ಮನ್ ಬಂದಾಗ ಪಕ್ಕದಲ್ಲಿ ನಿಂತುಕೊಳ್ಳಿ. ಕನೆಕ್ಟರ್ ಬಿಚ್ಚಿ, ಬೆಳಕಿನ ಬಲ ಅಳೆಯುವ ಅಂಗೈಯಗಲದ ಪವರ್ ಮೀಟರ್‌ಗೆ ಸಿಕ್ಕಿಸಿದಾಗ ಪರದೆಯಲ್ಲಿ ಋಣ ಚಿಹ್ನೆಯ ಒಂದು ಸಂಖ್ಯೆ ಮೂಡುತ್ತದೆ. ಮೈನಸ್ 18, ಮೈನಸ್ 21 ಡಿಬಿಎಂ ಎಂದು ಬಂದರೆ ಚಿಂತೆಯಿಲ್ಲ. ಮೈನಸ್ 27 ದಾಟಿದರೆ ಮೋಡೆಮ್ ಏದುಸಿರು ಬಿಡುತ್ತದೆ: ಬೆಳಿಗ್ಗೆ ಬರುತ್ತದೆ, ಮಧ್ಯಾಹ್ನ ಹೋಗುತ್ತದೆ. ಇಲ್ಲಿ ಮೂರು ಅಂಕ ಇಳಿದರೆ ಬೆಳಕು ಅರ್ಧಕ್ಕರ್ಧ ಕಡಿಮೆಯಾದಂತೆ. ‘ಪವರ್ ಎಷ್ಟು ಬಂತು?’ ಎಂದು ಕೇಳಿ, ದಿನಾಂಕದ ಜೊತೆಗೆ ಬರೆದಿಡಿ. ಮುಂದಿನ ಸಲ ತೊಂದರೆಯಾದಾಗ ಆ ಅಂಕಿಯೇ ಸಾಕ್ಷಿ. ಜಾಯಿಂಟ್ ಮೇಲೆ ಜಾಯಿಂಟ್ ಹಾಕಿದ ಲೈನಿನಲ್ಲಿ ಪವರ್ ವರ್ಷದಿಂದ ವರ್ಷಕ್ಕೆ ಇಳಿಯುವುದನ್ನು ಅದು ತೋರಿಸಿಕೊಡುತ್ತದೆ. ಆಗ ಹೊಸ ಕೇಬಲ್ ಎಳೆಯಿರಿ ಎಂದು ಧೈರ್ಯವಾಗಿ ಕೇಳಬಹುದು.

ಮಲೆನಾಡು, ಕರಾವಳಿಯ ಮನೆಗಳಿಗೆ ಇನ್ನೊಂದು ಮಾತು. ಅಲ್ಲಿ ಫೈಬರ್ ಅಡಿಕೆ ಮರದಿಂದ ಹಲಸಿನ ಮರಕ್ಕೆ, ಅಲ್ಲಿಂದ ಕೊಟ್ಟಿಗೆಯ ಸೂರಿಗೆ ಜಿಗಿಯುತ್ತಾ ಬರುತ್ತದೆ. ಮಳೆಗಾಲದಲ್ಲಿ ಕೊಂಬೆ ಬೀಳುವುದು, ಮಂಗ ಜೋತಾಡುವುದು ಇದ್ದದ್ದೇ. ಗಮನಿಸಬೇಕಾದ್ದು ಸಿಡಿಲನ್ನು. ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲ ನಿಜ, ಆದರೆ ಕೇಬಲ್‌ಗೆ ಬಲ ಕೊಡಲು ಜೊತೆಗೆ ಸಾಮಾನ್ಯವಾಗಿ ಒಂದು ಉಕ್ಕಿನ ತಂತಿಯೂ ಇರುತ್ತದೆ. ಆ ತಂತಿಯನ್ನು ಹೊರಗಿನ ಗೋಡೆಯಲ್ಲೇ ಕತ್ತರಿಸಿ ಬಿಗಿದು, ಫೈಬರ್ ಅನ್ನು ಮಾತ್ರ ಒಳಗೆ ತರಲು ಹೇಳಿ. ಗುಡುಗು ಶುರುವಾದರೆ ಮೋಡೆಮ್‌ನ ಅಡಾಪ್ಟರ್ ಅನ್ನು ಪ್ಲಗ್‌ನಿಂದ ಕಿತ್ತಿಡುವುದು ಈಗಲೂ ಒಳ್ಳೆಯ ಅಭ್ಯಾಸ. ಸಿಡಿಲಿಗೆ ಸುಡುವ ಮೋಡೆಮ್‌ಗಳಲ್ಲಿ ಅನೇಕವು ಕರೆಂಟಿನ ದಾರಿಯಿಂದಲೇ ಸುಡುತ್ತವೆ.

ಬರುತ್ತದೆ, ಆದರೆ ನಿಧಾನ

ದೂರುಗಳಲ್ಲಿ ಹೆಚ್ಚು ಗೊಂದಲದ್ದು ಇದೇ. 100 ಎಂಬಿಪಿಎಸ್ ಯೋಜನೆಗೆ ಹಣ ಕಟ್ಟಿದ್ದೇನೆ, ಮಲಗುವ ಕೋಣೆಯಲ್ಲಿ 12 ಬರುತ್ತಿದೆ ಎನ್ನುವವರಲ್ಲಿ ಹೆಚ್ಚಿನವರ ಮನೆಗೆ 100 ಬಂದೇ ಇರುತ್ತದೆ, ಕೋಣೆಗೆ ಬಂದಿರುವುದಿಲ್ಲ. ತಿಳಿಯುವ ದಾರಿ ಒಂದೇ. ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಿಂದ ನೇರ ಮೋಡೆಮ್‌ಗೆ ಜೋಡಿಸಿ ವೇಗ ಅಳೆಯಿರಿ. ಅಲ್ಲಿ ಪೂರ್ತಿ ಬಂದರೆ ಕಂಪನಿ ನಿರಪರಾಧಿ, ತಪ್ಪು ನಿಮ್ಮ ಗೋಡೆಗಳದ್ದು. ಯೋಜನೆ 200ರದ್ದಾಗಿದ್ದು ಕೇಬಲ್‌ನಲ್ಲಿ ಪ್ರತಿ ಸಲವೂ 94ರ ಆಸುಪಾಸಿಗೇ ನಿಂತರೆ, ಮೋಡೆಮ್‌ನ ಅಥವಾ ಲ್ಯಾಪ್‌ಟಾಪ್‌ನ ಪೋರ್ಟ್ 100ಕ್ಕೆ ಸೀಮಿತವಾದದ್ದು, ಇಲ್ಲವೇ ಕೇಬಲ್‌ನ ಎಂಟು ಎಳೆಗಳಲ್ಲಿ ಒಂದು ತುಂಡಾಗಿದೆ. ಹತ್ತಿರದ ಕಂಪ್ಯೂಟರ್ ಅಂಗಡಿಯಲ್ಲಿ ಒಂದು ಕ್ಯಾಟ್-6 ಕೇಬಲ್ ತಂದು ಬದಲಿಸಿ ನೋಡಿ.

ಲೆಕ್ಕದ ಒಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡೋಣ. ಕಂಪನಿ ಹೇಳುವುದು ಮೆಗಾಬಿಟ್‌ನಲ್ಲಿ, ಡೌನ್‌ಲೋಡ್ ತೋರಿಸುವುದು ಮೆಗಾಬೈಟ್‌ನಲ್ಲಿ. ಎಂಟು ಬಿಟ್‌ಗೆ ಒಂದು ಬೈಟ್. 100 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ 12.5 ಎಂಬಿ ಇಳಿದರೆ ಎಲ್ಲವೂ ಸರಿಯಿದೆ.

ಇನ್ನು ಗೋಡೆಗಳ ಮಾತು. ಮೋಡೆಮ್ ಎರಡು ತರಂಗಗಳಲ್ಲಿ ವೈಫೈ ಹರಡುತ್ತದೆ. 2.4 ಗಿಗಾಹರ್ಟ್ಸ್‌ನದು ದೂರ ಹೋಗುತ್ತದೆ, ಆದರೆ ನಿಧಾನ, ಅಕ್ಕಪಕ್ಕದ ಮನೆಗಳ ವೈಫೈ ಜೊತೆಗೆ ಡಿಕ್ಕಿ ಹೊಡೆಯುವುದೂ ಹೆಚ್ಚು. 5 ಗಿಗಾಹರ್ಟ್ಸ್‌ನದು ವೇಗದ್ದು, ಆದರೆ ಎರಡು ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. ವೈಫೈ ಪಟ್ಟಿಯಲ್ಲಿ ಹೆಸರಿನ ಕೊನೆಗೆ ‘5ಜಿ’ ಎಂದು ಕಾಣುವುದು ಈ ಎರಡನೆಯದು. ಅದಕ್ಕೂ ಮೊಬೈಲ್ ಕಂಪನಿಗಳ 5ಜಿಗೂ ಯಾವ ನಂಟೂ ಇಲ್ಲ, ಡೇಟಾ ಪ್ಯಾಕ್ ಖರ್ಚಾಗುವುದಿಲ್ಲ. ಮೋಡೆಮ್ ಇರುವ ಕೋಣೆಯಲ್ಲಿ ಟಿವಿ, ಲ್ಯಾಪ್‌ಟಾಪ್‌ಗಳನ್ನು ಅದಕ್ಕೇ ಜೋಡಿಸಿ. ದೂರದ ಕೋಣೆಯ ಮೊಬೈಲ್, ಗೇಟಿನ ಕ್ಯಾಮೆರಾ 2.4ರಲ್ಲಿರಲಿ. ಅಪಾರ್ಟ್‌ಮೆಂಟ್‌ನಲ್ಲಿದ್ದರೆ ಬ್ರೌಸರ್‌ನಲ್ಲಿ 192.168.1.1 ಎಂದು ಬರೆದು ಮೋಡೆಮ್‌ನ ಪುಟಕ್ಕೆ ಹೋಗಿ. ಆ ವಿಳಾಸ ಮೋಡೆಮ್‌ನ ಅಡಿಯ ಚೀಟಿಯಲ್ಲೂ ಇರುತ್ತದೆ. ಅಲ್ಲಿ 2.4ರ ಚಾನೆಲ್ ಅನ್ನು 1, 6 ಅಥವಾ 11ಕ್ಕೆ ಬದಲಿಸಿ ನೋಡಿ. ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಈ ಮೂರೇ.

ಮೋಡೆಮ್ ಎಲ್ಲಿರಬೇಕು? ಮನೆಯ ನಡುವೆ, ಎದೆಮಟ್ಟಕ್ಕಿಂತ ಮೇಲೆ, ಬಯಲಿನಲ್ಲಿ. ನಾವು ಇಡುವುದು ಟಿವಿ ಕಪಾಟಿನೊಳಗೆ, ಕಬ್ಬಿಣದ ಬೀರುವಿನ ಹಿಂದೆ, ಅಥವಾ ಬಾಗಿಲಿನ ಮೂಲೆಯಲ್ಲಿ, ಏಕೆಂದರೆ ಲೈನ್‌ಮನ್‌ಗೆ ಕೇಬಲ್ ಅಲ್ಲಿಯವರೆಗೆ ತರುವುದು ಸುಲಭ. ಸಂಪರ್ಕ ಕೊಡಲು ಬಂದ ದಿನವೇ ಹಟ ಹಿಡಿದು ಜಾಗ ಬದಲಿಸಿಕೊಳ್ಳಿ. ಹಳೆಯ ಜಂಬಿಟ್ಟಿಗೆ ಕಲ್ಲಿನ ಅಥವಾ ಒಂದೂವರೆ ಅಡಿ ಮಣ್ಣಿನ ಗೋಡೆಯ ಮನೆಗೆ ಒಂದೇ ಮೋಡೆಮ್ ಸಾಲುವುದಿಲ್ಲ. ಅಂಗಡಿಯವರು ಅಗ್ಗದ ರಿಪೀಟರ್ ಕೊಡಲು ನೋಡುತ್ತಾರೆ. ಅಂಥವು ಕೇಳಿದ್ದನ್ನೇ ಮತ್ತೆ ಹೇಳುವುದರಲ್ಲಿ ವೇಗವನ್ನು ಅರ್ಧ ನುಂಗುತ್ತವೆ. ಒಮ್ಮೆ ಲ್ಯಾನ್ ಕೇಬಲ್ ಎಳೆಸಿ ಹಿಂದಿನ ಕೋಣೆಯಲ್ಲಿ ಎರಡನೇ ರೂಟರ್ ಇಡಿಸುವುದೇ ಸರಿ. ಲ್ಯಾನ್ ಕೇಬಲ್ ನೂರು ಮೀಟರ್‌ವರೆಗೂ ಒಯ್ಯುತ್ತದೆ, ಕೊಟ್ಟಿಗೆಗೂ ಸಾಕು.

ಕೇಬಲ್‌ನಲ್ಲೂ ನಿಧಾನ, ಅದೂ ರಾತ್ರಿ ಎಂಟರಿಂದ ಹನ್ನೊಂದರವರೆಗೆ ಮಾತ್ರ ಎಂದಾದರೆ ಕಂಪನಿಯ ಪೈಪು ಚಿಕ್ಕದು. ಇಂದು ಬಳಕೆಯಲ್ಲಿರುವ ಜಿಪಾನ್ ತಂತ್ರಜ್ಞಾನದಲ್ಲಿ ಒಂದು ಫೈಬರ್‌ನ ಸುಮಾರು 2.5 ಗಿಗಾಬಿಟ್ ವೇಗವನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಅದರ ಹಿಂದೆ ಸ್ಥಳೀಯ ಆಪರೇಟರ್ ಕೊಂಡಿರುವ ಬ್ಯಾಂಡ್‌ವಿಡ್ತ್ ಇನ್ನೂ ಕಡಿಮೆಯಿರಬಹುದು. ಸ್ಪ್ರಿಂಕ್ಲರ್‌ಗಳನ್ನೆಲ್ಲ ಒಟ್ಟಿಗೆ ತಿರುಗಿಸಿದರೆ ತೋಟದ ಕೊನೆಯಲ್ಲಿ ನೀರು ತೊಟ್ಟಿಕ್ಕುವ ಹಾಗೆ. ಬೆಳಿಗ್ಗೆ ಆರಕ್ಕೂ ರಾತ್ರಿ ಒಂಬತ್ತಕ್ಕೂ ವೇಗ ಅಳೆದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ದೂರು ದಾಖಲಾಗಲಿ

ಲೈನ್‌ಮನ್ ನಂಬರಿಗೆ ನೇರ ಫೋನ್ ಮಾಡುವುದು ನಮ್ಮೂರುಗಳಲ್ಲಿ ರೂಢಿ. ಮಾಡಿ, ಬೇಗ ಕೆಲಸವಾಗುತ್ತದೆ. ಅದರ ಜೊತೆಗೆ ಕಂಪನಿಯ ದೂರು ಕೇಂದ್ರದಲ್ಲೂ ದಾಖಲಿಸಿ ಡಾಕೆಟ್ ನಂಬರ್ ಪಡೆಯಿರಿ. ನಂಬರಿಲ್ಲದ ದೂರು ಕಾಗದದ ಮೇಲೆ ದೂರೇ ಅಲ್ಲ. ‘ನೆಟ್ ಬರ್ತಿಲ್ಲ’ ಎನ್ನುವ ಬದಲು ‘ಲಾಸ್ ಕೆಂಪು ಮಿಣುಕುತ್ತಿದೆ, ನಿನ್ನೆ ಸಂಜೆಯಿಂದ’ ಎಂದರೆ ಆ ಕಡೆಯವರ ಅರ್ಧ ಪ್ರಶ್ನೆಗಳು ಅಲ್ಲೇ ಮುಗಿಯುತ್ತವೆ.

ಪರಿಹಾರ ಸಮಾಧಾನ ತರದಿದ್ದರೆ 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. 39 ದಿನಗಳಲ್ಲಿ ಅವರು ತೀರ್ಮಾನ ಹೇಳಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) 2012ರ ನಿಯಮ ಹೇಳುತ್ತದೆ. ಟ್ರಾಯ್‌ಗೇ ದೂರು ಕೊಡುತ್ತೇನೆ ಎಂದು ಹೆದರಿಸುವುದರಲ್ಲಿ ಹುರುಳಿಲ್ಲ, ಒಬ್ಬೊಬ್ಬ ಗ್ರಾಹಕರ ದೂರನ್ನು ಅದು ವಿಚಾರಿಸುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ದೂರಸಂಪರ್ಕ ಕಂಪನಿಗಳ ವಿರುದ್ಧ ಗ್ರಾಹಕರ ವೇದಿಕೆಗೆ ಹೋಗಬಹುದೆಂದು 2022ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಬರೆದಿಟ್ಟ ಡಾಕೆಟ್ ನಂಬರು, ಸ್ಕ್ರೀನ್‌ಶಾಟುಗಳು ಅಲ್ಲಿ ಬೆಲೆಬಾಳುತ್ತವೆ.

ಹೊಸ ಸಂಪರ್ಕ: ಯಾರನ್ನು ಕೇಳಬೇಕು?

ಜಾಹೀರಾತನ್ನಲ್ಲ, ಪಕ್ಕದ ಮನೆಯವರನ್ನು. ಒಂದೇ ಕಂಪನಿ ಜಯನಗರದಲ್ಲಿ ಚೆನ್ನಾಗಿದ್ದು ತೀರ್ಥಹಳ್ಳಿಯಲ್ಲಿ ಹಾಳಾಗಿರಬಹುದು, ಅಥವಾ ತಿರುಗುಮುರುಗಾಗಿರಬಹುದು. ಬಿಎಸ್‌ಎನ್‌ಎಲ್ ಫೈಬರ್ ಹಲವೆಡೆ ಮನೆಗೆ ತಲುಪುವುದು ಊರಿನ ಕೇಬಲ್ ಆಪರೇಟರ್‌ನ ಕೈಯಿಂದ. ಹೆಸರು ಸರ್ಕಾರದ್ದು, ಏಣಿ ಅವನದ್ದು. ಆದ್ದರಿಂದ ಕೇಳಬೇಕಾದ ಪ್ರಶ್ನೆ: ಕಳೆದ ಮಳೆಗಾಲದಲ್ಲಿ ಲೈನ್ ತುಂಡಾದಾಗ ಸರಿಮಾಡಲು ಎಷ್ಟು ದಿನ ತೆಗೆದುಕೊಂಡರು? ಈ ಉತ್ತರದ ಎದುರು 100 ಅಥವಾ 300 ಎಂಬಿಪಿಎಸ್ ಎಂಬ ಲೆಕ್ಕ ನಗಣ್ಯ.

ವೇಗ ಎಷ್ಟು ಬೇಕು? ಒಳ್ಳೆಯ ಎಚ್‌ಡಿ ಸಿನಿಮಾಗೆ 5 ಎಂಬಿಪಿಎಸ್, 4ಕೆಗೆ 15, ಕಚೇರಿಯ ವಿಡಿಯೊ ಸಭೆಗೆ 4 ಸಾಕು. ನಾಲ್ಕು ಜನರ ಮನೆಗೆ 50 ಧಾರಾಳ. ಉಳಿದ ಹಣದಲ್ಲಿ ಮೋಡೆಮ್‌ಗೆ 12 ವೋಲ್ಟ್‌ನ ಪುಟ್ಟ ಯುಪಿಎಸ್ ಕೊಳ್ಳಿ. ಕರೆಂಟ್ ಹೋದಾಗಲೂ ಫೈಬರ್‌ನಲ್ಲಿ ಬೆಳಕು ಬರುತ್ತಲೇ ಇರುತ್ತದೆ, ಆರುವುದು ನಿಮ್ಮ ಮೋಡೆಮ್. ಕೊಳ್ಳುವ ಮುನ್ನ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ನೋಡಿಕೊಳ್ಳಿ.

ಬೆಲೆ ಕೇಳುವಾಗ ಶೇ 18ರ ಜಿಎಸ್‌ಟಿ ಸೇರಿಸಿ ಕೇಳಿ. 599 ಎಂದದ್ದು ಬಿಲ್ಲಿನಲ್ಲಿ 707 ಆಗುತ್ತದೆ. ‘ಅನ್‌ಲಿಮಿಟೆಡ್’ ಎಂದರೂ ಮಿತಿ ಇರುತ್ತದೆ. ಹಲವು ಯೋಜನೆಗಳಲ್ಲಿ ಅದು ತಿಂಗಳಿಗೆ 3,300 ಜಿಬಿ, ಸಾಮಾನ್ಯ ಮನೆಗೆ ಅದು ಮುಗಿಯುವಂಥದ್ದಲ್ಲ. ಮಿತಿ ಕಡಿಮೆಯಿರುವ ಅಗ್ಗದ ಯೋಜನೆಗಳಲ್ಲಿ ಮಾತ್ರ ಎಚ್ಚರ. ಮನೆಯ ಸಿಸಿಟಿವಿಯನ್ನು ಹೊರಗಿನಿಂದ ನೇರವಾಗಿ ನೋಡುವ ಉದ್ದೇಶವಿದ್ದರೆ ಪಬ್ಲಿಕ್ ಐಪಿ (ಹೊರಗಿನಿಂದ ನೇರ ತಲುಪಬಹುದಾದ ಇಂಟರ್‌ನೆಟ್ ವಿಳಾಸ) ಕೊಡುತ್ತಾರೆಯೇ, ಅದಕ್ಕೆ ಪ್ರತ್ಯೇಕ ಶುಲ್ಕವೆಷ್ಟು ಎಂದು ಮೊದಲೇ ವಿಚಾರಿಸಿ. ಆರು ತಿಂಗಳ ಅಥವಾ ವರ್ಷದ ಮುಂಗಡಕ್ಕೆ ರಿಯಾಯಿತಿ ಕೊಡುತ್ತಾರೆ. ಹೊಸ ಕಂಪನಿಗೆ ಮೊದಲ ಸಲ ಒಂದು ತಿಂಗಳದ್ದನ್ನಷ್ಟೇ ಕಟ್ಟಿ, ಸಾಧ್ಯವಾದರೆ ಜೂನ್ ಅಥವಾ ಜುಲೈನಲ್ಲಿ. ಜನವರಿಯಲ್ಲಿ ಎಲ್ಲ ಕಂಪನಿಗಳೂ ಚೆನ್ನಾಗಿಯೇ ಇರುತ್ತವೆ.

ಮನೆಯಿಂದಲೇ ಕೆಲಸ ಮಾಡುವವರು ಎರಡನೇ ಸಂಪರ್ಕ ಇಟ್ಟುಕೊಳ್ಳುವುದುಂಟು. ಎರಡೂ ಒಂದೇ ಕಂಬದಿಂದ ಬರುತ್ತಿದ್ದರೆ ಅದು ದುಂದು. ಬೆಂಗಳೂರಿನಲ್ಲಿ ಬೆಸ್ಕಾಂನವರು ಕಂಬಕ್ಕೆ ಜೋತುಬಿದ್ದ ಅನಧಿಕೃತ ಕೇಬಲ್‌ಗಳನ್ನು ಕತ್ತರಿಸಲು ಹೊರಟಾಗ ಯಾವ ಕಂಪನಿಯದ್ದೆಂದು ಬಿಡಿಬಿಡಿಯಾಗಿ ನೋಡುತ್ತಾ ಕೂರುವುದಿಲ್ಲ. ಎರಡನೆಯದು ಮೊಬೈಲ್ ಹಾಟ್‌ಸ್ಪಾಟೋ, ಕೇಬಲ್ ಇಲ್ಲದೆ ಮೊಬೈಲ್ ಟವರ್‌ನಿಂದ ಬರುವ 5ಜಿ ಏರ್‌ಫೈಬರೋ ಆಗಿರಲಿ.

ಹಳೆಯ ಸಂಪರ್ಕ ಬಿಡುವಾಗ ಹೊಸದು ವಾರವಾದರೂ ಓಡುವುದನ್ನು ನೋಡಿ. ಆಮೇಲೆ ರದ್ದತಿ ಕೋರಿಕೆಯನ್ನು ಇಮೇಲ್‌ನಲ್ಲೇ ಕಳುಹಿಸಿ. ಮೋಡೆಮ್ ಮತ್ತು ಅಡಾಪ್ಟರ್ ಒಯ್ಯಲು ಬಂದವರಿಂದ, ಮೋಡೆಮ್‌ನ ಸೀರಿಯಲ್ ನಂಬರ್ ಬರೆದ ರಸೀದಿ ಪಡೆಯಿರಿ. ರಸೀದಿ ಪುಸ್ತಕ ತಂದಿಲ್ಲ ಎಂದರೆ ಮೋಡೆಮ್ ಹಿಡಿದು ನಿಂತಿರುವ ಅವರದೊಂದು ಫೋಟೊ ತೆಗೆದುಕೊಳ್ಳಿ. ಠೇವಣಿ ವಾಪಸ್ ಕೇಳುವಾಗ ಬೇಕಾಗುತ್ತದೆ.